ಶುಕ್ರವಾರ ಬಾ, ಕೈಯಲ್ಲೊಂದು ಚೀಲ ಇರಲಿ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಮಡಿಕೇರಿಗೆ ಬರುತ್ತೀಯ, ಒಂದು ದಿನ ಹಳೇ ಊರು ಸುತ್ತುತ್ತೀಯ, ಇನ್ನೊಂದು ದಿನ ಎಲ್ಲಾದರೂ ಕೊಡವ ಅಡುಗೆ ಕಲಿಯುತ್ತೀಯ ಎಂದು ಬರೆದಿದ್ದೀಯ. ಬಾ, ತುಂಬಾ ಖುಷಿ. ಆದರೆ ಎರಡನ್ನೂ ಬೇರೆ ಬೇರೆ ದಿನಕ್ಕೆ ಹಾಕಬೇಡ. ಒಂದೇ ದಿನ ಮಾಡು. ಆ ದಿನ ಶುಕ್ರವಾರವೇ ಆಗಿರಲಿ.

ಶುಕ್ರವಾರ ಮಡಿಕೇರಿ ಸಂತೆ. ಬೆಳಗ್ಗೆ ಊರು ನೋಡಿ, ಸಂತೆಯಲ್ಲಿ ಬೇಕಾದ್ದು ಕೊಂಡು, ಅದನ್ನೇ ಮಧ್ಯಾಹ್ನ ಒಲೆಗೆ ಇಡಬೇಕು. ನಡುವೆ ಸಂತೆ ಇಲ್ಲದಿದ್ದರೆ ಕೋಟೆಯೇ ಬೇರೆ, ಅಕ್ಕಿ ತರಿಯ ಉಂಡೆ ಕಡಂಬುಟ್ಟೇ ಬೇರೆ ಆಗಿಬಿಡುತ್ತದೆ. ಒಂದಕ್ಕೊಂದು ಸಂಬಂಧವೇ ಕಾಣುವುದಿಲ್ಲ. ಹೋದ ವರ್ಷ ನೆಂಟರ ಜೊತೆ ಒಂದು ರೆಸಾರ್ಟ್‌ನ ಅಡುಗೆ ಕ್ಲಾಸಿಗೆ ಹೋಗಿದ್ದೆ. ಈರುಳ್ಳಿ ಹೆಚ್ಚಿಟ್ಟಿತ್ತು, ಮಸಾಲೆ ಹುರಿದು ಪುಡಿ ಮಾಡಿಟ್ಟಿತ್ತು, ಮಾಂಸ ಅರ್ಧ ಬೆಂದಿತ್ತು. ನಾವು ಸೌಟು ಹಿಡಿದು ಫೋಟೋಕ್ಕೆ ನಿಂತೆವು, ಅಷ್ಟೇ. ಊಟ ಚೆನ್ನಾಗಿಯೇ ಇತ್ತು. ಆದರೆ ಹುಳಿ ಎಲ್ಲಿಂದ ಬಂತು, ಅಕ್ಕಿ ಯಾಕೆ ಒಡೆದಿದೆ, ಯಾವ ತಿಂಗಳಲ್ಲಿ ಯಾವ ಸೊಪ್ಪು ಅಂತ ಯಾರೂ ಹೇಳಲಿಲ್ಲ. ನೀನು ಅಷ್ಟು ದೂರದಿಂದ ಬಂದು ಅಂಥದ್ದನ್ನು ನೋಡಿ ಹೋಗುವುದು ನನಗೆ ಇಷ್ಟವಿಲ್ಲ.

ಬೆಳಗ್ಗೆ ಬೇಗ ಕೋಟೆಯಿಂದ ಶುರು ಮಾಡೋಣ. 1681ರಲ್ಲಿ, ಕೊಡಗನ್ನು ಆಳಿದ ಹಾಲೇರಿ ವಂಶದ ಮುದ್ದುರಾಜ ರಾಜಧಾನಿಯನ್ನು ಮಡಿಕೇರಿಗೆ ತಂದ. ಮೊದಲಿದ್ದದ್ದು ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು ಸುಲ್ತಾನ್. 1790ರಲ್ಲಿ ದೊಡ್ಡ ವೀರರಾಜೇಂದ್ರ ಅದನ್ನು ಮತ್ತೆ ಗೆದ್ದುಕೊಂಡ. ಒಳಗಿರುವ ಅರಮನೆ ಲಿಂಗರಾಜೇಂದ್ರನದು, 1812ರಿಂದ 1814ರ ನಡುವೆ ಕಟ್ಟಿದ್ದು. ಬಹಳ ಕಾಲ ಅಲ್ಲಿ ಸರ್ಕಾರಿ ಕಚೇರಿಗಳಿದ್ದವು. ಗಾರೆಯ ಎರಡು ಆನೆಗಳ ಪಕ್ಕ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ನೀನೂ ತೆಗೆಸಿಕೋ. ಬ್ರಿಟಿಷರು ಕಟ್ಟಿದ ಚರ್ಚ್ ಈಗ ಮ್ಯೂಸಿಯಂ.

ಇಷ್ಟೂ ಬೋರ್ಡ್ ಮೇಲೆ ಸಿಗುತ್ತದೆ. ಕೋಟೆಯಲ್ಲಿ ನಿಂತಾಗ ನಾನು ಹೇಳಬೇಕೆಂದಿರುವುದು ಎರಡು ಮಾತು.

ಮೊದಲನೆಯದು, ಹಾಲೇರಿ ರಾಜರು ಲಿಂಗಾಯತರು. ಪೇಟೆಯಲ್ಲಿ ಅಲ್ಲಲ್ಲಿ ಕೊಡವರ ಹಂದಿ ಮಾಂಸದ ಅಡುಗೆಗೆ 'ರಾಜರ ಕಾಲದ ಪಂದಿ ಕರಿ' ಅನ್ನುವ ಮಾತು ಕೇಳಿಸುತ್ತದೆ. ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಇದು ಅರಮನೆಯ ಅಡುಗೆಯೇ ಅಲ್ಲ. ಗದ್ದೆ ಉತ್ತವರ, ಕಾಡಿಗೆ ಬೇಟೆಗೆ ಹೋದವರ ಮನೆಯ ಅಡುಗೆ. ಹಂದಿ ಹೊಡೆದು ತಂದರೆ ಊರಿಗೇ ಪಾಲು. ಈಗ ಬೇಟೆ ಇಲ್ಲ, 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಕಥೆ ಮುಗಿಯಿತು. ಸಾಕಿದ ಹಂದಿಯಲ್ಲೇ ಮಾಡುತ್ತಾರೆ. ಆದರೂ ರುಚಿಯ ಲೆಕ್ಕಾಚಾರ ಆ ಕಾಲದ್ದೇ. ಆ ಹೆಮ್ಮೆಯನ್ನು ಮನೆಗಳಿಂದ ಕಿತ್ತು ರಾಜರಿಗೆ ಯಾಕೆ ಕೊಡಬೇಕು?

ಎರಡನೆಯದು ಅಕ್ಕಿಯ ಮಾತು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕೊನೆಯ ರಾಜ ಚಿಕ್ಕ ವೀರರಾಜೇಂದ್ರನನ್ನು ಇಳಿಸಿದರು. ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ರಾಜರ ಕಾಲದಲ್ಲಿ ಅಲ್ಲಿನ ರೈತರು ಕಂದಾಯವನ್ನು ಬೆಳೆದ ಬೆಳೆಯಲ್ಲೇ ಕೊಡುತ್ತಿದ್ದರು. ಈಗ ರೊಕ್ಕವೇ ಕೊಡಿ ಅಂದರು. ಭತ್ತ ಬೆಳೆಯುವವನ ಕೈಯಲ್ಲಿ ರೊಕ್ಕ ಎಲ್ಲಿರುತ್ತದೆ? ಸಾಲಗಾರರ ಬಾಗಿಲಿಗೆ ಹೋಗಬೇಕಾಯಿತು. 1837ರಲ್ಲಿ ಅಲ್ಲಿ ಎದ್ದ ದಂಗೆಗೆ ಇದೂ ಒಂದು ದೊಡ್ಡ ಕಾರಣ. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಇದೇ ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಿದರು. ಆ ಜಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಬರುವವರಲ್ಲಿ ಜಾಸ್ತಿ ಜನ ಆನೆ ನೋಡಿ ಹೊರಟುಬಿಡುತ್ತಾರೆ. ಮಧ್ಯಾಹ್ನ ಕೈಯಲ್ಲಿ ಅಕ್ಕಿ ತರಿ ಹಿಡಿದಾಗ ಈ ಮಾತು ನಿನಗೆ ನೆನಪಾಗಬೇಕು ಅಂತ ನನ್ನಾಸೆ.

ಕೋಟೆಯಿಂದ ಇಳಿದರೆ ಓಂಕಾರೇಶ್ವರ ದೇವಸ್ಥಾನ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ, ಎದುರಿಗೆ ಕೊಳ, ಕೊಳದ ನಡುವೆ ಮಂಟಪ. ಮಳೆಗಾಲದಲ್ಲಿ ಮೆಟ್ಟಿಲು ಪಾಚಿ ಕಟ್ಟಿರುತ್ತದೆ, ಹುಷಾರಾಗಿ ಕಾಲಿಡು.

ಅಲ್ಲಿಂದ ಮಹದೇವಪೇಟೆ. ದೊಡ್ಡ ವೀರರಾಜೇಂದ್ರನ ರಾಣಿ ಮಹದೇವಮ್ಮಾಜಿಯ ಹೆಸರಿನ ಪೇಟೆ. ನಿಧಾನಕ್ಕೆ ನಡೆ. ಅಂಗಡಿಗಳ ಮೇಲ್ಮಾಳಿಗೆಗಳನ್ನು ತಲೆ ಎತ್ತಿ ನೋಡು, ಹಳೇ ಮರದ ಕಿಟಕಿಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಕೊಡವ ತಕ್ಕ್, ಅರೆಭಾಷೆ, ಬ್ಯಾರಿ, ಮಲಯಾಳ, ತುಳು, ಕೊಂಕಣಿ, ನಮ್ಮ ಕನ್ನಡ ಎಲ್ಲವೂ ಇದೇ ಒಂದು ರಸ್ತೆಯಲ್ಲಿ ಕಿವಿಗೆ ಬೀಳುತ್ತವೆ. ಮುಂದೆ ದಿಬ್ಬದ ಮೇಲೆ ಗದ್ದುಗೆ, ಅಂದರೆ ರಾಜರ ಸಮಾಧಿಗಳು. ದೊಡ್ಡ ಗುಮ್ಮಟದ ಕೆಳಗೆ ದೊಡ್ಡ ವೀರರಾಜೇಂದ್ರ ಮತ್ತು ಮಹದೇವಮ್ಮಾಜಿ ಇದ್ದಾರೆ. ಪಕ್ಕದ್ದು ಲಿಂಗರಾಜೇಂದ್ರನದು. ಹತ್ತಿರದಲ್ಲೇ ಎರಡು ಚಿಕ್ಕ ಸಮಾಧಿಗಳಿವೆ, ಬಿದ್ದಂಡ ಬೋಪು ಮತ್ತು ಅವರ ಮಗ ಸೋಮಯ್ಯ ಅವರದು. ಇಬ್ಬರೂ ರಾಜನ ಸೇನೆಯ ದೊಡ್ಡ ಅಧಿಕಾರಿಗಳು. ಬೋಪು ಟಿಪ್ಪುವಿನ ಸೇನೆಯ ಜೊತೆ ಹೋರಾಡುತ್ತ ಪ್ರಾಣ ಕೊಟ್ಟವರು. ದೊಡ್ಡ ಗುಮ್ಮಟಕ್ಕಿಂತ ನನಗೆ ಆ ಚಿಕ್ಕ ಗೋರಿಗಳೇ ಹತ್ತಿರ. ರಾಜರ ಸಾಲಿನಲ್ಲಿ ಕೊಡವ ಸೇನಾನಿಗಳಿಗೂ ಒಂದು ಜಾಗ ಸಿಕ್ಕಿದೆಯಲ್ಲ, ಅದಕ್ಕೆ.

ಇನ್ನು ವಾಪಸ್ ಇಳಿದು ಸಂತೆಗೆ. ಇಲ್ಲಿ ಮಾತ್ರ ಅವಸರ ಮಾಡಬೇಡ.

ಮಳೆಗಾಲದ ಸಂತೆ ಅಂದರೆ ಅದೇ ಒಂದು ಪಾಠ. ಕಣಿಲೆ ಇರುತ್ತದೆ, ಎಳೇ ಬಿದಿರಿನ ಮೊಳಕೆ. ಕಾಡಿನ ಅಣಬೆ ಬಂದಿದ್ದರೆ ಅದೃಷ್ಟ, ಬೆಳಗ್ಗೆಯೇ ಖಾಲಿ. ಸುರುಳಿ ಸುತ್ತಿದ ತೇರ್ಮೆ ಸೊಪ್ಪು, ಕೆಸುವಿನ ಎಲೆ, ಬೇಸಗೆಯಿಂದ ಕೂಡಿಟ್ಟ ಹಲಸಿನ ಬೀಜ. ತಂದವರ ಹತ್ತಿರ ಕುಕ್ಕರುಗಾಲಲ್ಲಿ ಕೂತು ಕೇಳು, ಇದನ್ನು ಹೇಗೆ ಮಾಡ್ತೀರಿ ಅಂತ. ಎಷ್ಟು ಬೇಸರದಲ್ಲಿ ಇದ್ದವರೂ ಆ ಪ್ರಶ್ನೆಗೆ ಮುಖ ಅರಳಿಸುತ್ತಾರೆ. ಕಣಿಲೆಯನ್ನು ಹೆಚ್ಚಿ ಒಂದೆರಡು ದಿನ ನೀರಲ್ಲಿ ನೆನೆಹಾಕಿ, ನೀರು ಬದಲಾಯಿಸಿ, ಆಮೇಲೆ ಬೇಯಿಸಬೇಕು. ಹಸಿಯದರಲ್ಲಿ ವಿಷದ ಅಂಶವಿದೆ. ಅದಕ್ಕೇ ಮಧ್ಯಾಹ್ನ ನಿನಗೆ ಅಡುಗೆ ಕಲಿಸುವ ನಮ್ಮ ಬೀದಿಯ ಅಕ್ಕ ಬುಧವಾರವೇ ನೆನೆಹಾಕಿರುತ್ತಾರೆ. ಸಂತೆಯಲ್ಲಿ ಕೊಂಡದ್ದು ಅವರ ಮುಂದಿನ ವಾರಕ್ಕೆ. ಈ ಲೆಕ್ಕ ಕ್ಲಾಸಿನ ಎರಡು ಗಂಟೆಯೊಳಗೆ ಯಾರಿಗೂ ಕಾಣುವುದಿಲ್ಲ.

ಅಲ್ಲೇ ಕಾಚಂಪುಳಿಯನ್ನೂ ನೋಡು, ಪಂದಿ ಕರಿಗೆ ಹಾಕುವ ಹುಳಿ. ಪೇಟೆಯ ಅಂಗಡಿಗಳಲ್ಲಿ ಚಿಕ್ಕ ಬಾಟಲಿಗಳಲ್ಲಿ ಸಿಗುತ್ತದೆ. ಕಪ್ಪಗೆ, ಮಂದವಾಗಿರುತ್ತದೆ. ಪನಂಪುಳಿ ಹಣ್ಣು ಮಳೆಗಾಲದಲ್ಲಿ ಹಣ್ಣಾಗಿ ಉದುರುತ್ತದೆ. ಅದನ್ನು ಬುಟ್ಟಿಯಲ್ಲಿ ತುಂಬಿ ಕೆಳಗೆ ಪಾತ್ರೆ ಇಡುತ್ತಾರೆ. ಹಣ್ಣು ಕರಗಿ ರಸ ತಾನೇ ತೊಟ್ಟಿಕ್ಕುತ್ತದೆ. ಆ ರಸವನ್ನು ಒಲೆ ಮೇಲೆ ಕುದಿಸಿ ಕುದಿಸಿ ಕಪ್ಪಗೆ ಮಾಡುತ್ತಾರೆ. ರಾಶಿ ಹಣ್ಣಿಗೆ ಸಿಗುವುದು ಸ್ವಲ್ಪವೇ ಹುಳಿ. ವರ್ಷಗಟ್ಟಲೆ ಕೆಡುವುದಿಲ್ಲ. ಮಾಂಸವನ್ನೂ ಬೇಗ ಕೆಡಲು ಬಿಡುವುದಿಲ್ಲ. ತಿಂಗಳುಗಟ್ಟಲೆ ಬಿಸಿಲೇ ಕಾಣದ ಊರಿನಲ್ಲಿ ಇದೆಷ್ಟು ದೊಡ್ಡ ಉಪಾಯ ನೋಡು. ಹುಣಸೆಹುಳಿ ಹಾಕಿದರೂ ಆಗುತ್ತದೆ ಅನ್ನುವವರಿದ್ದಾರೆ. ಆಗುವುದಿಲ್ಲ. ಬೇರೆ ಸಾರು ಆಗುತ್ತದೆ.

ಈಗ ಅಕ್ಕನ ಮನೆ. ನಮ್ಮ ಬೀದಿಯವರೇ, ತಮ್ಮ ಸ್ವಂತ ಅಡುಗೆಮನೆಯಲ್ಲೇ ಕಲಿಸುತ್ತಾರೆ. ಒಂದು ಸಲಕ್ಕೆ ಒಲೆ ಸುತ್ತ ನಿಲ್ಲುವಷ್ಟು ಜನ ಮಾತ್ರ. ಎಲ್ಲರೂ ಕೈ ಹಾಕಲೇಬೇಕು, ಸುಮ್ನೆ ನೋಡುವವರಿಗೆ ಅಲ್ಲಿ ಜಾಗವಿಲ್ಲ.

ಪಂದಿ ಕರಿಗೆ ಮಾಂಸ ಚರ್ಮ ಮತ್ತು ಕೊಬ್ಬಿನ ಸಮೇತ ಇರಬೇಕು. ಉಪ್ಪು, ಅರಿಸಿನ, ಖಾರದಪುಡಿ ಹಚ್ಚಿಡುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು ಜಜ್ಜಿ ಸೇರಿಸಿ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಎಣ್ಣೆ ಬೇಕಾಗುವುದೇ ಅಪರೂಪ, ಕೊಬ್ಬೇ ಕರಗುತ್ತದೆ. ಅದು ಬೇಯುವಾಗ ನಿನಗೆ ಕೊಡುವ ಕೆಲಸ ಮಸಾಲೆ ಹುರಿಯುವುದು. ಕೊತ್ತಂಬರಿ ಬೀಜ, ಜೀರಿಗೆ, ಸಾಸಿವೆ, ಸ್ವಲ್ಪ ಮೆಂತ್ಯ, ಧಾರಾಳವಾಗಿ ಕಾಳುಮೆಣಸು. ಬೇರೆ ಕಡೆ ಘಮ ಬಂದ ಕೂಡಲೇ ಇಳಿಸುತ್ತಾರೆ ಅಲ್ವಾ, ಇಲ್ಲಿ ಇನ್ನೂ ಮುಂದೆ ಹೋಗಬೇಕು. ಕಪ್ಪಿಗೆ ತಿರುಗುವವರೆಗೆ, ಆದರೆ ಸೀಯಬಾರದು. ಆ ಎರಡರ ನಡುವೆ ಇರುವುದು ಸ್ವಲ್ಪವೇ ಹೊತ್ತು. ಅಕ್ಕ ಬಾಣಲೆ ಕಡೆ ನೋಡುವುದೂ ಇಲ್ಲ, ವಾಸನೆಯಲ್ಲೇ 'ಸಾಕು' ಅನ್ನುತ್ತಾರೆ. ಕಾಳುಮೆಣಸು ಅವರ ತೋಟದ್ದೇ, ಕಾಫಿ ಗಿಡಗಳಿಗೆ ನೆರಳು ಕೊಡುವ ಮರಗಳಿಗೆ ಹಬ್ಬಿದ ಬಳ್ಳಿಯದು. ಮಡಿಕೇರಿಯಲ್ಲಿ ಬ್ರಿಟಿಷರ ಮೊದಲ ಕಾಫಿ ತೋಟ ಶುರುವಾದದ್ದು 1854ರಲ್ಲಿ, ಫೌಲರ್ ಎಂಬುವವರಿಂದ. ಅದಕ್ಕೂ ಎಷ್ಟೋ ಮೊದಲಿನಿಂದ ಮೆಣಸು ಈ ಕಾಡಿನಲ್ಲೇ ಇತ್ತು. ಕಾಚಂಪುಳಿ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಒಂದೆರಡು ಚಮಚ ಸಾಕು.

ಕಡಂಬುಟ್ಟು ನೋಡುವುದಕ್ಕೆ ಸುಲಭ. ಅಕ್ಕಿ ತರಿ ಒಂದು ಪಾಲು, ನೀರು ಎರಡು ಪಾಲಿಗಿಂತ ಚೂರು ಜಾಸ್ತಿ. ಉಪ್ಪು ಹಾಕಿ ನೀರು ಕುದಿಸಿ, ತರಿ ಸುರಿದು, ಗಂಟಾಗದಂತೆ ತಿರುಗಿಸಿ, ಮುಚ್ಚಿಡುವುದು. ಕೈಗೆ ನೀರು ಮುಟ್ಟಿಸಿಕೊಂಡು ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು. ಆರಿದರೆ ಬಿರುಕು ಬರುತ್ತದೆ. ಬೆಂಗಳೂರಿನ ಕೈಗೆ ಬಿಸಿ ತಾಗುತ್ತದೆ, ಪರವಾಗಿಲ್ಲ, ಎರಡನೇ ಉಂಡೆಗೆ ಅಭ್ಯಾಸವಾಗುತ್ತದೆ. ಆಮೇಲೆ ಹಬೆಯಲ್ಲಿ ಅರ್ಧ ಗಂಟೆ. ಇದೇ ತರಿಗೆ ಹಾಲು, ತೆಂಗಿನತುರಿ ಸೇರಿಸಿ ತಟ್ಟೆಯಲ್ಲಿ ಬೇಯಿಸಿದರೆ ಪಾಪುಟ್ಟು. ಅನ್ನ ಮತ್ತು ಅಕ್ಕಿಹಿಟ್ಟು ನಾದಿ ತಟ್ಟಿದರೆ ಅಕ್ಕಿ ಒಟ್ಟಿ. ಒತ್ತಿ ಎಳೆ ಮಾಡಿದರೆ ನೂಲ್‌ಪುಟ್ಟು. ಒಂದೇ ಅಕ್ಕಿ. ಹಳೇ ಮನೆಗಳಲ್ಲಿ ಭತ್ತ ಕುಟ್ಟುವಾಗ ಒಡೆದ ನುಚ್ಚನ್ನು ಯಾರೂ ಎಸೆಯುತ್ತಿರಲಿಲ್ಲ. ಗದ್ದೆಯ ಬೆಲೆ ಗೊತ್ತಿದ್ದವರು ಅವರು.

ನಿನ್ನ ಹೆಂಡತಿ ಮಾಂಸ ತಿನ್ನುವುದಿಲ್ಲ ಅಂದಿದ್ದೆ. ಅವರಿಗೆ ಏನು ಮಾಡೋಣ ಅಂತ ಅಕ್ಕನನ್ನು ಕೇಳಿದೆ. ಅವರು ನಕ್ಕು, ಮಳೆಗಾಲದಲ್ಲಿ ಬರುತ್ತಾರಲ್ಲ, ಅವರಿಗೇ ಹೆಚ್ಚು ಅಡುಗೆ ಇದೆ ಅಂದರು. ಬೈಂಬಳೆ ಕರಿ ಅಂದರೆ ಕಣಿಲೆಯದು, ಕುಮ್ಮು ಕರಿ ಅಂದರೆ ಅಣಬೆಯದು. ತೇರ್ಮೆ ಸೊಪ್ಪಿನ ಪಲ್ಯ, ಹಲಸಿನ ಬೀಜದ ಸಾರು. ಇದರಲ್ಲಿ ಯಾವುದೂ ಮಾಂಸದ ಬದಲಿಗೆ ಮಾಡಿದ್ದಲ್ಲ. ಕೊಡವರ ಮನೆಯಲ್ಲಿ ಮಳೆಗಾಲ ಅಂದರೆ ಇದೇ ಊಟ. ಕೊಡವ ಅಡುಗೆ ಅಂದರೆ ಬರೀ ಹಂದಿ ಅಂದುಕೊಳ್ಳುವವರು ಒಮ್ಮೆ ಜುಲೈನಲ್ಲಿ ಬಂದು ನೋಡಬೇಕು.

ದಿನಾಂಕದ ವಿಷಯಕ್ಕೆ ಬರುತ್ತೇನೆ. ಆಗಸ್ಟ್ 3 ನಮ್ಮಲ್ಲಿ ಆಟಿ ಹದಿನೆಂಟು, ಆಟಿ ತಿಂಗಳ ಹದಿನೆಂಟನೇ ದಿನ. ಕೊಡವರು ಕಕ್ಕಡ ಪದಿನೆಟ್ಟ್ ಅನ್ನುತ್ತಾರೆ. ಅವತ್ತು ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿಕೊಂಡಿರುತ್ತದೆ ಅನ್ನುವುದು ನಂಬಿಕೆ. ಎಲೆ ಕುದಿಸಿದರೆ ನೀರು ಗಾಢ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಆ ನೀರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ಕಾಯಿ ಹಾಕಿ ಪಾಯಸ ಮಾಡುತ್ತಾರೆ. ಆ ಪರಿಮಳ ವರ್ಷಕ್ಕೊಮ್ಮೆ ಮಾತ್ರ. ಮರುದಿನ ಮೂತ್ರ ಕೆಂಪಗೆ ಹೋದರೆ ಗಾಬರಿಯಾಗಬೇಡ, ಅದು ಸೊಪ್ಪಿನ ಬಣ್ಣ. ಹಾಗಾಗಿ ಆಗಸ್ಟ್ 3ಕ್ಕೆ ಮುಂಚಿನ ಶುಕ್ರವಾರದ ಹಿಂದಿನ ರಾತ್ರಿಯೇ ಬಂದುಬಿಡು. ಸಂತೆಯೂ ಸಿಗುತ್ತದೆ, ಪಾಯಸದವರೆಗೆ ಇದ್ದೂ ಹೋಗಬಹುದು. ಆಗ ಆಗದಿದ್ದರೆ ಸೆಪ್ಟೆಂಬರ್ ಮೊದಲ ವಾರ ಬಾ, ಕೈಲ್‌ಪೊಳ್ದ್ ಹಬ್ಬ ಇರುತ್ತದೆ. ಆಯುಧಗಳಿಗೆ ಪೂಜೆ, ಮನೆಮನೆಯಲ್ಲೂ ಪಂದಿ ಕರಿ, ಕಡಂಬುಟ್ಟು.

ಒಂದೇ ಚಿಂತೆ ಮಳೆ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡಗಳು ಜರಿದದ್ದು ನಿನಗೂ ಗೊತ್ತು. ಹೊರಡುವ ಹಿಂದಿನ ದಿನ ನನಗೆ ಫೋನ್ ಮಾಡು. ರೆಡ್ ಅಲರ್ಟ್ ಇದ್ದರೆ ಬರಲೇಬೇಡ, ಟಿಕೆಟ್ ದುಡ್ಡು ಹೋದರೆ ಹೋಗಲಿ. ಸಾಮಾನ್ಯ ಮಳೆಯಾದರೆ ಕೊಡೆ, ಜಾರದ ಚಪ್ಪಲಿ, ಮತ್ತೆ ಒಂದು ಗಟ್ಟಿ ಬಟ್ಟೆಚೀಲ ಸಾಕು. ಊಟಕ್ಕೆ ಕೂರುವಾಗ ಮಧ್ಯಾಹ್ನ ಎರಡು ದಾಟಿರುತ್ತದೆ, ಅದಕ್ಕೆ ಬೆಳಗ್ಗೆ ತಿಂಡಿ ಬಿಡಬೇಡ.

ನೀನು ಹಂದಿ ತಿನ್ನುತ್ತೀಯೋ ಇಲ್ಲವೋ ಅಂತ ನಾಳೆಯೊಳಗೆ ತಿಳಿಸು. ಅಕ್ಕ ಮಾಂಸಕ್ಕೆ ಮೊದಲೇ ಹೇಳಿಡಬೇಕು, ಕಣಿಲೆ ಎಷ್ಟು ನೆನೆಹಾಕಬೇಕು ಅಂತಲೂ ಕೇಳಿದ್ದಾರೆ.

ನಿನ್ನ ಗೆಳೆಯ,
ಮಡಿಕೇರಿಯಿಂದ