ಉತ್ತರ ಬರುವ ಮೊದಲೇ ಉಂಡವಳು

ಪ್ರೀತಿಯ ಬ್ಯಾಂಡ್ ಮಾಸ್ಟರ್,

ಕುವೈತಿನಲ್ಲಿ ಬಿಸಿಲು ಹೇಗಿದೆ ಅಂತ ಕೇಳುವುದಿಲ್ಲ. ಕೇಳಿದರೆ ನೀನು ಫೋಟೊ ಕಳಿಸುತ್ತೀಯ. ಶುಕ್ರವಾರ ಫೋನ್ ಮಾಡಿದಾಗಲೆಲ್ಲ ನನ್ನ ದನಿ ಯಾಕೆ ಸಣ್ಣಗಿರುತ್ತೆ ಅಂತ ಮೊನ್ನೆ ಕೇಳಿದ್ದೆಯಲ್ಲ, ಆರೋಗ್ಯವಾಗಿದ್ದೇನೆ. ಶುಕ್ರವಾರ ಉಪವಾಸ, ಅಷ್ಟೆ. ನಿಮಗಲ್ಲಿ ಅವತ್ತು ರಜೆ, ಅವತ್ತೇ ಆರಾಧನೆ. ನೀನು ಹಾಡಿ ಬಂದು ಬಿರಿಯಾನಿ ಮುಂದೆ ಕೂರುವ ದಿನ ನಾನು ಮಂಗಳೂರಲ್ಲಿ ನೀರು ಕುಡಿದುಕೊಂಡು ಇರುತ್ತೇನೆ.

ಉಪವಾಸದ ವಿಷಯ ಹೀಗೆ ಎಲ್ಲರ ಮುಂದೆ ಹೇಳಬಾರದು. ಬೈಬಲಿನ ಮತ್ತಾಯ 6ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದೇ ಅದು. ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ತಿರುಗಬೇಡ, ತಲೆಗೆ ಎಣ್ಣೆ ಹಚ್ಚಿಕೋ, ಮುಖ ತೊಳೆದುಕೋ. ಆದರೂ ಎಲ್ಲರಿಗೂ ಕಾಣುವ ಈ ಪತ್ರದಲ್ಲಿ ಬರೆಯುತ್ತಿದ್ದೇನೆ. ನಮ್ಮ ಹಾಗೇ ಒಂದು ರಿಪೋರ್ಟಿಗೋ ಒಂದು ಹೆರಿಗೆಗೋ ಕಾಯುತ್ತಾ, ನಿದ್ದೆ ಬಾರದೆ ಫೋನ್ ನೋಡುತ್ತಿರುವವರು ಯಾರಾದರೂ ಓದಲಿ ಅಂತ.

ನನ್ನ ಹೆಂಡತಿಗೆ ಈಗ ಏಳನೇ ತಿಂಗಳು. ಹೋದ ಸಲ ಎಲ್ಲಿಗೆ ನಿಂತಿತೋ ಅದೇ ತಿಂಗಳು. ಆಗ ಬಿಪಿ ಏರಿದ್ದೇ ತಿಳಿಯಲಿಲ್ಲ. ಈ ಸಲ ಡಾಕ್ಟರ್ ಮೊದಲೇ ಸಣ್ಣ ಡೋಸಿನ ಆಸ್ಪಿರಿನ್ ಶುರು ಮಾಡಿಸಿದ್ದಾರೆ. ಬೆಳಿಗ್ಗೆ ಸಂಜೆ ಮನೆಯಲ್ಲೇ ಬಿಪಿ ನೋಡಿ ಬರೆದಿಡಬೇಕು, 140/90 ಮುಟ್ಟಿದರೆ ಕಾಯದೆ ಹೊರಡಬೇಕು. ಹಾಗಾಗಿ ನಮ್ಮ ಮನೆ ಪ್ರಾರ್ಥನೆ ಈಗ ಆ ಮೆಷಿನ್ ಪಕ್ಕದಲ್ಲೇ. ಅವಳು ಕುರ್ಚಿಗೆ ಒರಗಿ, ಎರಡೂ ಪಾದ ನೆಲಕ್ಕೆ ಊರಿ, ಐದು ನಿಮಿಷ ಮಾತಾಡದೆ ಕೂರುತ್ತಾಳೆ. ನಾನು ತೋಳಿಗೆ ಪಟ್ಟಿ ಸುತ್ತಿ ಬಟನ್ ಒತ್ತುತ್ತೇನೆ. ಪಟ್ಟಿ ಬಿಗಿಯುತ್ತದೆ. ಅಂಕಿ 170ರ ತನಕ ಹೋಗಿ ಮೆಲ್ಲಗೆ ಇಳಿಯುತ್ತದೆ. ಅದು ಇಳಿಯುವಷ್ಟು ಹೊತ್ತು 'ಕರ್ತನೇ' ಅನ್ನುವುದು ಬಿಟ್ಟರೆ ನನ್ನ ಬಾಯಿಗೆ ಬೇರೆ ಮಾತು ಬರುವುದಿಲ್ಲ. 126/82. ಬರೆದುಕೊಳ್ಳುತ್ತೇನೆ. ಸಂಜೆ ತನಕ ನೆಮ್ಮದಿ. ಸಂಜೆ ಮತ್ತೆ ಅದೇ.

ಅವಳಿಗೂ ಉಪವಾಸ ಮಾಡುವ ಆಸೆ. ಡಾಕ್ಟರ್, ಅತ್ತೆ, ಸಭಾಪಾಲಕರು, ಎಲ್ಲರೂ ಬೇಡವೇ ಬೇಡ ಅಂದರು. ಪಕ್ಕದ ಮನೆ ಕಥೋಲಿಕ ಆಂಟಿ ಬಂದು ಅವರ ನಿಯಮ ಹೇಳಿದರು. ಈಸ್ಟರಿಗೆ ಮೊದಲಿನ ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ ಕಡ್ಡಾಯ, ಅದೂ 18ರಿಂದ 59 ವಯಸ್ಸಿನವರಿಗೆ ಮಾತ್ರ. ಅವತ್ತೂ ಒಂದು ಪೂರ್ತಿ ಊಟ, ಎರಡು ಸಲ ಸ್ವಲ್ಪ ಸ್ವಲ್ಪ ತಿನ್ನಬಹುದು. ಬಸುರಿಯರಿಗೆ, ಕಾಯಿಲೆಯವರಿಗೆ ಕಡ್ಡಾಯ ಇಲ್ಲ. ಎಷ್ಟು ಕರುಣೆಯ ನಿಯಮ ಅನ್ನಿಸಿತು. ಬಾಸೆಲ್ ಮಿಷನ್ ಕಡೆಯಿಂದ ಬಂದ ಪ್ರೊಟೆಸ್ಟಂಟರಾದ ನಮ್ಮಲ್ಲಿ ಇಂಥ ಬರೆದಿಟ್ಟ ಕಟ್ಟುಪಾಡು ಇಲ್ಲ. ಅದಕ್ಕೇ ಇರಬೇಕು, ಉಪವಾಸಕ್ಕೆ ನಮ್ಮ ನಮ್ಮದೇ ಲೆಕ್ಕ ಸೇರಿಕೊಂಡುಬಿಡುತ್ತದೆ.

ಆ ಲೆಕ್ಕ ನಿನಗೆ ಗೊತ್ತಲ್ವಾ. ಉಪವಾಸ ಕೂಟದಲ್ಲಿ ಒಬ್ಬರು ಎದ್ದು ಸಾಕ್ಷಿ ಹೇಳುತ್ತಾರೆ. ಇಷ್ಟು ವಾರ ಉಪವಾಸವಿದ್ದೆ, ಮಗನಿಗೆ ಕೆಲಸ ಸಿಕ್ಕಿತು, ದೇವರಿಗೆ ಸ್ತೋತ್ರ. ನಾನೂ ಮನಸಾರೆ ಸ್ತೋತ್ರ ಅನ್ನುತ್ತೇನೆ. ಆದರೆ ಅಷ್ಟೇ ವಾರ ಉಪವಾಸವಿದ್ದೂ ಕೆಲಸ ಸಿಗದವನ ತಾಯಿ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾಳೆ. ಅವಳನ್ನು ಸಾಕ್ಷಿಗೆ ಯಾರೂ ಕರೆಯುವುದಿಲ್ಲ. ಹೋದ ಸಲ ನಾವು ಆಸ್ಪತ್ರೆಯಿಂದ ಖಾಲಿ ಕೈಯಲ್ಲಿ ಬಂದ ಮೇಲೆ ಒಬ್ಬರು ಇವಳ ಕೈ ಹಿಡಿದು, "ಒಂದು ಉಪವಾಸ ಕೂಟ ಇಡಿಸಬೇಕಿತ್ತು ಕಣಮ್ಮ" ಅಂದಿದ್ದರು. ಪ್ರೀತಿಯಿಂದಲೇ ಅಂದದ್ದು. ಆ ಮಾತು ಇವತ್ತಿಗೂ ನನ್ನೊಳಗೆ ಉರಿಯುತ್ತದೆ. ಉಪವಾಸ ಅಂದರೆ ದೇವರ ಹತ್ತಿರ ಮಾಡುವ ಮೀನು ಮಾರ್ಕೆಟಿನ ಚೌಕಾಸಿ ಅಲ್ಲ.

ಮತ್ತೆ ಏನು? ಈ ಶುಕ್ರವಾರಗಳಲ್ಲಿ ಬೈಬಲಿನಲ್ಲಿರುವ ಸಮುವೇಲನ ಎರಡೂ ಪುಸ್ತಕ ತೆಗೆದು ಕೂತಿದ್ದೆ. ಮೊದಲನೆಯದರ ಶುರುವಿನಲ್ಲೇ ಹನ್ನಳು. ಮಕ್ಕಳಿಲ್ಲ, ಸವತಿಯ ಚುಚ್ಚುಮಾತು ಬೇರೆ. ಅಳುತ್ತಾಳೆ, ಊಟ ಬಿಡುತ್ತಾಳೆ. ಶಿಲೋವಿನ ದೇವಾಲಯದಲ್ಲಿ ತುಟಿ ಮಾತ್ರ ಅಲುಗಿಸುತ್ತಾ ಪ್ರಾರ್ಥಿಸುವವಳನ್ನು ನೋಡಿ ಯಾಜಕ ಏಲಿ, ಕುಡಿದಿದ್ದಾಳೆ ಅಂದುಕೊಳ್ಳುತ್ತಾನೆ. ಸಂಕಟ ತಿಳಿದ ಮೇಲೆ ಹರಸಿ ಕಳಿಸುತ್ತಾನೆ. ಅವಳು ಹೋಗಿ ಊಟ ಮಾಡುತ್ತಾಳೆ. ಆಮೇಲೆ ಅವಳ ಮುಖದಲ್ಲಿ ದುಃಖ ಇರಲಿಲ್ಲ ಅಂತ ಬರೆದಿದೆ. ಆಗ ಕೈಯಲ್ಲಿ ಮಗು ಇಲ್ಲ, ಹೊಟ್ಟೆಯಲ್ಲೂ ಇಲ್ಲ. ಸಮುವೇಲ ಹುಟ್ಟುವುದು ಆಮೇಲೆ. ಅವಳು ಉಂಡದ್ದು ಮೊದಲು.

ಎರಡನೇ ಪುಸ್ತಕದ 12ನೇ ಅಧ್ಯಾಯದಲ್ಲಿ ದಾವೀದ. ಮಗು ಕಾಯಿಲೆ ಬಿದ್ದಿದೆ. ರಾಜ ನೆಲದ ಮೇಲೆ ಬಿದ್ದುಕೊಂಡು ಉಪವಾಸ ಮಾಡುತ್ತಾನೆ. ಏಳನೆಯ ದಿನ ಮಗು ತೀರಿಹೋಗುತ್ತದೆ. ಹೇಳಲು ಸೇವಕರಿಗೆ ಹೆದರಿಕೆ. ಅವನೇ ಅರ್ಥ ಮಾಡಿಕೊಂಡು ಏಳುತ್ತಾನೆ. ಸ್ನಾನ ಮಾಡಿ, ಬಟ್ಟೆ ಬದಲಿಸಿ, ದೇವರ ಮನೆಗೆ ಹೋಗಿ ಆರಾಧಿಸಿ, ಬಂದು ಊಟ ಕೇಳುತ್ತಾನೆ. ಅದು ಅವನ ಪಾಪಕ್ಕೆ ಶಿಕ್ಷೆಯಾಗಿ ಮಗು ಸತ್ತ ಕಥೆ ಅಂತ ನನಗೂ ಗೊತ್ತು. ಅದನ್ನು ನಮ್ಮ ಮಗುವಿಗೆ ತಳುಕು ಹಾಕುವವರಿದ್ದರೆ ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ನಾನು ನೋಡಿದ್ದು ಬೇರೆ. ಒಬ್ಬಳು ಉತ್ತರ ಬರುವ ಮೊದಲೇ ಉಂಡಳು. ಒಬ್ಬ 'ಇಲ್ಲ' ಅನ್ನುವ ಉತ್ತರ ಬಂದ ಮೇಲೆ ಉಂಡ. ಇಬ್ಬರೂ ಕೇಳಿದ್ದು ಸಿಕ್ಕಿತು ಅಂತ ಉಂಡವರಲ್ಲ. ಎದೆಯಲ್ಲಿದ್ದದ್ದನ್ನೆಲ್ಲ ದೇವರ ಮುಂದೆ ಸುರಿದಾಗಿತ್ತು, ಅದಕ್ಕೇ ಏಳಲು ಆಯಿತು.

ವಿಶ್ವಾಸ ಇದ್ದವನಿಗೆ ಚಿಂತೆ ಯಾಕೆ ಅನ್ನುವವರ ಮಾತು ನನಗೆ ಈಗ ಹಿಡಿಸುವುದಿಲ್ಲ. ಗೆತ್ಸೇಮನೆ ತೋಟದಲ್ಲಿ, ತನ್ನನ್ನು ಹಿಡಿಯುವ ಮೊದಲು, ಯೇಸು ಒಂದೇ ಪ್ರಾರ್ಥನೆಯನ್ನು ಮೂರು ಸಲ ಮಾಡಿದ. ಉಪವಾಸದ ಮಾತು ಬರುವ ಮತ್ತಾಯ 6ರಲ್ಲೇ ಚಿಂತೆಯ ಮಾತೂ ಇದೆ. ಆ ಅಧ್ಯಾಯ ಮುಗಿಯುವುದು "ಆ ಹೊತ್ತಿನ ಕಾಟ ಆ ಹೊತ್ತಿಗೆ ಸಾಕು" ಅಂತ. ಕಾಟವೇ ಇರಲ್ಲ ಅಂತ ಎಲ್ಲೂ ಹೇಳಿಲ್ಲ.

ನಿನಗೆ ಇದುವರೆಗೂ ಹೇಳದ ಒಂದು ವಿಷಯ ಇದೆ. ಹೋದ ಸಲ ಆದ ಮೇಲೆ ಬಹಳ ದಿನ ಕ್ವಾಯರಿನಲ್ಲಿ ನಾನು ಹಾಡಲೇ ಇಲ್ಲ. ತುಟಿ ಆಡಿಸುತ್ತಿದ್ದೆ. ನೀನು ಪಕ್ಕದಲ್ಲೇ ನಿಂತಿದ್ದೆ. ನಿನಗೆ ಗೊತ್ತಾಗಿತ್ತು ಅಂತ ನನಗೆ ಅನುಮಾನ. ಯಾಕೆಂದರೆ ಆಗಿನಿಂದ ನೀನು ಇಬ್ಬರಷ್ಟು ಜೋರಾಗಿ ಹಾಡತೊಡಗಿದೆ. ಈಗ ಹಾಡುತ್ತೇನೆ. ಆದರೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯಲ್ಲಿ, ದೇವರ ಇಷ್ಟ ನೆರವೇರಲಿ ಅನ್ನುವ 'ನಿನ್ನ ಚಿತ್ತವು' ಅಂತ ಬರುವಲ್ಲಿ ಈಗಲೂ ಗಂಟಲು ಕಟ್ಟುತ್ತದೆ. ಆತನ ಚಿತ್ತ ಹೋದ ಸಲದ್ದೇ ಆದರೆ? ಇವಳ ಎದುರು ಇದನ್ನು ಹೇಳಿಲ್ಲ. ಈ ಪತ್ರ ಹಾಕುವ ಮೊದಲು ಅವಳಿಗೇ ಓದಲು ಕೊಡುತ್ತೇನೆ. ಆ ಸಾಲು ಬಂದಾಗ ಸಭೆಯೆಲ್ಲ ಒಟ್ಟಿಗೆ ಹೇಳುತ್ತದಲ್ಲ, ನಾನು ಅವರ ದನಿಯ ಮೇಲೆ ಭಾರ ಹಾಕಿ ದಾಟುತ್ತೇನೆ. ಸದ್ಯಕ್ಕೆ ನನ್ನ ಭರವಸೆ ಅಷ್ಟೇ ಇರುವುದು. ದೇವರು ಅದನ್ನೂ ಭರವಸೆ ಅಂತಲೇ ತೆಗೆದುಕೊಳ್ಳುತ್ತಾನೆ ಅಂತ ನಂಬಿದ್ದೇನೆ.

ಉಪವಾಸ ಬಿಡುವುದು ಕೂಟದ ಗಂಜಿಯಿಂದ. ಕುಚ್ಚಲಕ್ಕಿ ಗಂಜಿ, ಕಾಯಿ ಚಟ್ನಿ, ಒಂದು ಹೋಳು ಉಪ್ಪಿನಕಾಯಿ. ಮೊದಲೆಲ್ಲ ಹಸಿವಿಗೆ ಗಬಗಬ ಅಂತ ಉಣ್ಣುತ್ತಿದ್ದೆ. ಈಗ ಹನ್ನಳ ನೆನಪಾಗಿ ನಿಧಾನ ಉಣ್ಣುತ್ತೇನೆ.

ಸಾಕು. ಜಾಸ್ತಿಯೇ ಬರೆದೆ. ನಿನ್ನ ಟ್ರೊಂಬೋನ್ ಇನ್ನೂ ನಮ್ಮ ಅಟ್ಟದಲ್ಲೇ ಇದೆ, ಜಿರಳೆ ವಿಷಯ ನೀನು ಊರಿಗೆ ಬಂದ ಮೇಲೆ ಮಾತಾಡೋಣ. ಇವಳ ಪಟ್ಟಿಯಲ್ಲಿ ಖರ್ಜೂರ ಮೊದಲು, ಚಾಕೊಲೇಟ್ ಆಮೇಲೆ. ಅತ್ತೆ ಕೇಳಿದ್ದು ಕೊಡಲಿ ತೈಲ, ಅದೇ ಆ್ಯಕ್ಸ್ ಆಯಿಲ್. ಹಳದಿ ಶರ್ಟ್ ತರಬೇಡ. ಈ ಶುಕ್ರವಾರ ನಿಮ್ಮ ಆರಾಧನೆಯಲ್ಲಿ ಪ್ರಾರ್ಥನೆಗೆ ಕೊಡುವಾಗ 'ಊರಿನ ಒಬ್ಬ ಸಹೋದರಿ' ಅಂತ ಹೇಳಬೇಡ, ಇವಳ ಹೆಸರೇ ಹೇಳು. ಆಮೇಲೆ ಬಿರಿಯಾನಿ ತಿನ್ನು, ಫೋಟೊ ಮಾತ್ರ ಶನಿವಾರ ಕಳಿಸು.

ನಿನ್ನ,
ಎರಡನೇ ಟೆನರ್