ಹೊಸ ಗ್ರಾಹಕರನ್ನು ಪರಿಚಯಿಸುವ ಕ್ರಮದಲ್ಲಿ ಏಪ್ರಿಲ್ 1ರಿಂದ ಬದಲಾವಣೆ

ಹುಬ್ಬಳ್ಳಿ
ಫೆಬ್ರುವರಿ 2026

ಮಾನ್ಯ ಗ್ರಾಹಕರೇ,

ತಮ್ಮ ಮೂಲಕ ಹೊಸಬರೊಬ್ಬರು ನಮ್ಮ ಲೆಕ್ಕಪತ್ರ ಹಾಗೂ ತೆರಿಗೆ ಸಲಹೆಯ ಕಚೇರಿಗೆ ಬಂದು ಕೆಲಸ ಒಪ್ಪಿಸಿದಾಗ ತಮ್ಮ ವಾರ್ಷಿಕ ಶುಲ್ಕದಲ್ಲಿ 500 ರೂಪಾಯಿ ಬಿಟ್ಟುಕೊಡುವ ಪದ್ಧತಿ ನಮ್ಮಲ್ಲಿ ಇದುವರೆಗೆ ಇತ್ತು. ಬರುವ ಏಪ್ರಿಲ್ 1ರಿಂದ, ಅಂದರೆ 2026–27ನೇ ಆರ್ಥಿಕ ವರ್ಷದ ಆರಂಭದಿಂದ, ಈ ರಿಯಾಯಿತಿ ಇರುವುದಿಲ್ಲ. ಗ್ರಾಹಕರಲ್ಲದ ಮಧ್ಯವರ್ತಿಗಳಿಗೂ ಯಾವ ರೂಪದಲ್ಲೂ ಕಮಿಷನ್ ಕೊಡಬಾರದೆಂದು ಪಾಲುದಾರರೆಲ್ಲರೂ ಸೇರಿ ತೀರ್ಮಾನಿಸಿದ್ದೇವೆ. ಇದಕ್ಕೆ ಕಾರಣವೇನು, ಇನ್ನು ಮುಂದೆ ತಾವು ಯಾರನ್ನಾದರೂ ನಮ್ಮಲ್ಲಿಗೆ ಕಳುಹಿಸುವಾಗ ಯಾವ ಕ್ರಮ ಅನುಸರಿಸಬೇಕು ಎಂಬುದನ್ನು ತಿಳಿಸಲು ಈ ಪತ್ರ.

ನಮ್ಮ ಕಚೇರಿ ಬೆಳೆದದ್ದೇ ತಮ್ಮ ಮಾತಿನ ಮೇಲೆ. ಮೆಟ್ಟಿಲ ಬಳಿಯ ಫಲಕವೊಂದನ್ನು ಬಿಟ್ಟರೆ ನಾವು ಪ್ರಚಾರ ಮಾಡಿದವರಲ್ಲ. ಕೈಗಡದ ಲೆಕ್ಕ, ಅಣ್ಣತಮ್ಮಂದಿರ ಪಾಲಿನ ಬಾಬತ್ತು, ಬ್ಯಾಂಕಿನವರಿಗೂ ಹೇಳದ ತೊಂದರೆ ಇವನ್ನೆಲ್ಲ ಅಪರಿಚಿತರ ಎದುರು ಬಿಚ್ಚಿಡಲು ಯಾರೂ ಮನಸ್ಸು ಮಾಡುವುದಿಲ್ಲ. ಅಮರಗೋಳದ ಎಪಿಎಂಸಿಯಲ್ಲಿ ಒಬ್ಬ ಅಡತಿ ವ್ಯಾಪಾರಿ ಪಕ್ಕದ ಅಂಗಡಿಯವರನ್ನು ಕೇಳುತ್ತಾರೆ, ಗೋಕುಲ ರಸ್ತೆಯ ಸಣ್ಣ ಕಾರ್ಖಾನೆಯವರು ತಮಗೆ ಬಿಡಿಭಾಗ ಪೂರೈಸುವವರನ್ನು ಕೇಳುತ್ತಾರೆ. ಅವರು ಹೇಳಿದ ಹೆಸರನ್ನು ನಂಬಿ ಬರುತ್ತಾರೆ. ಲೆಕ್ಕಪತ್ರ, ತೆರಿಗೆ, ಕಾನೂನು, ಕಟ್ಟಡದ ನಕ್ಷೆ ಮುಂತಾದ ವೃತ್ತಿಗಳಲ್ಲಿ ಕೆಲಸದ ಗುಣ ಕೆಲಸ ಮುಗಿಯುವವರೆಗೆ ಹೊರಗಿನವರಿಗೆ ಕಾಣುವುದಿಲ್ಲವಾದ್ದರಿಂದ, ಮೊದಲೇ ಅನುಭವವಿದ್ದವರ ಮಾತಿಗೆ ಇಷ್ಟೊಂದು ಬೆಲೆ ಬಂದಿದೆ.

ಆ ಮಾತಿಗೆ ನಾವು ಹಣ ಕೊಡುವುದು ಸರಿಯೇ ಎಂಬ ಪ್ರಶ್ನೆ ಗಟ್ಟಿಯಾಗಿ ಎದ್ದದ್ದು 2025ರ ಜುಲೈ ತಿಂಗಳಲ್ಲಿ. ಯುಪಿಐ ಮೂಲಕ ಸಂದಾಯವಾದ ಮೊತ್ತವನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳುಹಿಸಿದ್ದು, ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಅಂಗಡಿಯವರು ಗಾಬರಿಗೊಂಡದ್ದು, ಕ್ಯುಆರ್ ಫಲಕ ತೆಗೆದು ‘ನಗದು ಮಾತ್ರ’ ಎಂದು ಬರೆದು ಹಾಕಿದ್ದು ತಮಗೆಲ್ಲ ನೆನಪಿರಬಹುದು. ಮುಖ್ಯಮಂತ್ರಿಗಳು ವ್ಯಾಪಾರಿಗಳ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿ ಹಳೆಯ ಬಾಕಿಯ ವಿಷಯದಲ್ಲಿ ಭರವಸೆ ಕೊಡುವವರೆಗೆ ನಮ್ಮ ಕಚೇರಿಯ ಹೊರಗಿನ ಬೆಂಚು ಖಾಲಿಯಾಗುತ್ತಿರಲಿಲ್ಲ. ಬಂದವರಲ್ಲಿ ಬಹುತೇಕರು ತಮ್ಮಲ್ಲೇ ಯಾರಾದರೊಬ್ಬರು ಕಳುಹಿಸಿದವರು.

ಆಗ ಎರಡು ಬಗೆಯ ಪರಿಚಯಗಳನ್ನು ನಾವು ಬಹಳ ಹತ್ತಿರದಿಂದ ನೋಡಿದೆವು. ಒಬ್ಬ ಗ್ರಾಹಕರು ತಮ್ಮ ಪರಿಚಯದ ಹಾಲು-ತಿನಿಸಿನ ಅಂಗಡಿಯವರಿಗೆ, ‘ನೋಟಿಸಿನ ಎಲ್ಲ ಪುಟಗಳನ್ನೂ, ಅದರಲ್ಲಿ ಬರೆದ ವರ್ಷಗಳ ಬ್ಯಾಂಕ್ ಸ್ಟೇಟ್‌ಮೆಂಟನ್ನೂ, ಡೇರಿಯಿಂದ ಹಾಲು ತಂದ ಬಿಲ್ಲುಗಳನ್ನೂ ತೆಗೆದುಕೊಂಡು ಹೋಗಿ, ಊರಿನಿಂದ ತಮ್ಮ ಕಳುಹಿಸಿದ ಹಣ ಯಾವುದು, ಚೀಟಿ ಹಣ ಯಾವುದು ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿ’ ಎಂದು ಹೇಳಿ ಕಳುಹಿಸಿದ್ದರು. ಹಸಿ ಹಾಲು, ತರಕಾರಿ, ಹಣ್ಣುಗಳಿಗೆ ಜಿಎಸ್‌ಟಿ ಇಲ್ಲ. ಖಾತೆಗೆ ಬಂದ ಹಣವೆಲ್ಲ ವಹಿವಾಟೂ ಅಲ್ಲ. ಆದ್ದರಿಂದ ಆ ಪೆನ್ಸಿಲ್ ಗುರುತುಗಳಿಂದಲೇ ಉತ್ತರದ ಅರ್ಧ ಭಾಗ ಸಿದ್ಧವಾಯಿತು. ಇನ್ನೊಂದು ಕಡೆ, ನಮಗೆ ಗುರುತೇ ಇಲ್ಲದ ಮಧ್ಯವರ್ತಿಗಳು ‘ಅಲ್ಲಿಗೆ ಹೋದರೆ ನೋಟಿಸ್ ರದ್ದು ಮಾಡಿಸಿಕೊಡುತ್ತಾರೆ’ ಎಂದು ಹೇಳಿ ಜನರನ್ನು ಕಳುಹಿಸಿ, ಸಂಜೆಗೆ ತಲೆಗಿಷ್ಟು ಎಂದು ಲೆಕ್ಕ ಕೇಳಲು ಫೋನ್ ಮಾಡುತ್ತಿದ್ದರು. ಹಾಗೆ ಬಂದವರಿಗೆ ‘ರದ್ದು ಮಾಡಿಸುವ ಅಧಿಕಾರ ನಮಗಿಲ್ಲ, ಉತ್ತರ ಬರೆದುಕೊಡುವುದಷ್ಟೇ ನಮ್ಮ ಕೆಲಸ’ ಎಂದು ವಿವರಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. ಕೆಲವರು ನಮ್ಮ ಮೇಲೆಯೇ ಅನುಮಾನಪಟ್ಟು ಎದ್ದುಹೋದರು.

ನಮ್ಮ 500 ರೂಪಾಯಿ ರಿಯಾಯಿತಿಗೂ ಆ ದಂಧೆಗೂ ಸಂಬಂಧವಿಲ್ಲ ಎಂದು ಹೇಳಬಹುದು, ಅದು ನಿಜವೂ ಹೌದು. ಆದರೆ ಹೊರಗಿನವರ ಕಣ್ಣಿಗೆ ಎರಡರ ನಡುವಿನ ಗೆರೆ ಕಾಣುವುದಿಲ್ಲ. ತಾವು ಮನಃಪೂರ್ವಕವಾಗಿ ಹೇಳಿದ ಮಾತಿನ ಹಿಂದೆ ರಿಯಾಯಿತಿ ಇತ್ತೆಂದು ತಮ್ಮ ಸ್ನೇಹಿತರಿಗೆ ಆಮೇಲೆ ಗೊತ್ತಾದರೆ ಅವರು ತಮ್ಮನ್ನು ನೋಡುವ ದೃಷ್ಟಿಯೇ ಬದಲಾಗುತ್ತದೆ. ಎಪಿಎಂಸಿಯ ದಲಾಲಿಯ ಮಾತು ಬೇರೆ. ಅಲ್ಲಿ ಲೈಸೆನ್ಸ್ ಇದೆ, ಮಾಲು ಎಲ್ಲರ ಕಣ್ಣೆದುರಿಗಿದೆ, ದಲಾಲಿಯೂ ಹಮಾಲಿಯೂ ಪಟ್ಟಿಯಲ್ಲಿ ಬರವಣಿಗೆಯಲ್ಲೇ ಬರುತ್ತವೆ. ತೆರಿಗೆ ಸಲಹೆಯಲ್ಲಿ ಮಾಲು ಕಾಣುವುದಿಲ್ಲ, ಪಟ್ಟಿಯೂ ಇಲ್ಲ; ಕೊಟ್ಟ ಕಮಿಷನ್ ಕೊನೆಗೆ ಹೊಸ ಗ್ರಾಹಕರ ಶುಲ್ಕದಲ್ಲೇ ಸೇರಿಕೊಂಡಿರುತ್ತದೆ.

ನಮ್ಮ ಜೊತೆ ಕೆಲಸ ಮಾಡುವ ವೃತ್ತಿಪರರ ಕಟ್ಟುಪಾಡುಗಳೂ ಈ ತೀರ್ಮಾನಕ್ಕೆ ಕಾರಣ. ತಮಗೆ ತಿಳಿದಿರುವಂತೆ ನಾವು ಲೆಕ್ಕ ಬರೆಯುವವರು, ಜಿಎಸ್‌ಟಿ ಮತ್ತು ಆದಾಯ ತೆರಿಗೆ ವಿವರಪಟ್ಟಿ ಸಲ್ಲಿಸುವವರು. ತೆರಿಗೆ ಆಡಿಟ್ ವರದಿಗೆ ಸಹಿ ಮಾಡುವ ಅಧಿಕಾರ ಚಾರ್ಟರ್ಡ್ ಅಕೌಂಟೆಂಟರದು, ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕುವಂಥ ಕೆಲಸ ವಕೀಲರದು. ಚಾರ್ಟರ್ಡ್ ಅಕೌಂಟೆಂಟ್‌ಗಳ ಕಾಯ್ದೆ, 1949ರ ಮೊದಲ ಅನುಸೂಚಿಯ ಪ್ರಕಾರ, ಸದಸ್ಯರಲ್ಲದವರಿಗೆ ತಮ್ಮ ಶುಲ್ಕದಲ್ಲಿ ಪಾಲು, ಕಮಿಷನ್ ಅಥವಾ ದಲಾಲಿ ಕೊಡುವುದೂ, ಪತ್ರ, ಜಾಹೀರಾತು ಅಥವಾ ಖುದ್ದು ಭೇಟಿಯ ಮೂಲಕ ಕೆಲಸ ಕೇಳಿಕೊಂಡು ಹೋಗುವುದೂ ಸಾಮಾನ್ಯವಾಗಿ ವೃತ್ತಿ ದುರ್ನಡತೆ ಎನಿಸುತ್ತವೆ. ವಕೀಲರಿಗೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಕೆಲಸ ಕೋರುವುದನ್ನೂ, ವಕೀಲರಲ್ಲದವರೊಂದಿಗೆ ಸಂಭಾವನೆ ಹಂಚಿಕೊಳ್ಳುವುದನ್ನೂ ನಿಷೇಧಿಸಿವೆ. ಈ ನಿಯಮಗಳು ನೇರವಾಗಿ ನಮಗೆ ಅನ್ವಯಿಸುವುದಿಲ್ಲ. ಆದರೂ ತಮ್ಮನ್ನು ಅವರಲ್ಲಿಗೆ ನಾವು ಕಳುಹಿಸುವಾಗ ಒಂದು ರೂಪಾಯಿಯನ್ನೂ ಮುಟ್ಟದೆ, ತಾವು ಇನ್ನೊಬ್ಬರನ್ನು ನಮ್ಮಲ್ಲಿಗೆ ಕಳುಹಿಸಿದಾಗ ಮಾತ್ರ ಹಣದ ಲೆಕ್ಕ ಇಡುವುದು ಹೊಂದುವ ಮಾತಲ್ಲ.

ಪ್ರಸಂಗವಶಾತ್ ಒಂದು ಮಾತು. ಒಳಾಂಗಣ ವಿನ್ಯಾಸ, ಕೋಚಿಂಗ್, ಸೋಲಾರ್ ಅಳವಡಿಕೆಯಂತಹ ವ್ಯವಹಾರದಲ್ಲಿರುವ ಗ್ರಾಹಕರು ತಾವೂ ಗ್ರಾಹಕರನ್ನು ಪರಿಚಯಿಸಿದವರಿಗೆ ಕಮಿಷನ್ ಕೊಡುವ ಯೋಜನೆ ಇಟ್ಟುಕೊಳ್ಳಬಹುದೇ ಎಂದು ಕೇಳುತ್ತಿರುತ್ತಾರೆ. ಇಟ್ಟುಕೊಳ್ಳಬಹುದು, ಆದರೆ ಪುಸ್ತಕದಲ್ಲಿ ಬರೆಯಬೇಕು. ಒಬ್ಬರಿಗೆ ಕೊಟ್ಟ ಕಮಿಷನ್ ವರ್ಷದಲ್ಲಿ 20,000 ರೂಪಾಯಿ ದಾಟಿದರೆ ಶೇ. 2ರಂತೆ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ, ಕಡಿಯಬೇಕಾಗುತ್ತದೆ (ಈ ದರ 2024ರ ಅಕ್ಟೋಬರ್ 1ಕ್ಕೆ ಮುಂಚೆ ಶೇ. 5 ಇತ್ತು). ಸ್ವಂತ ಹೆಸರಿನಲ್ಲಿ ವ್ಯವಹಾರ ಮಾಡುವವರಿಗೆ ಈ ಹೊಣೆ ಬರುವುದು ಹಿಂದಿನ ವರ್ಷದ ವಹಿವಾಟು ವ್ಯಾಪಾರದಲ್ಲಿ 1 ಕೋಟಿ ಅಥವಾ ವೃತ್ತಿಯಲ್ಲಿ 50 ಲಕ್ಷ ದಾಟಿದ್ದರೆ ಮಾತ್ರ. ದೀಪಾವಳಿಗೆ ಕೊಡುವ ಬೆಳ್ಳಿ ನಾಣ್ಯ, ಪ್ರವಾಸದ ಟಿಕೆಟ್ ಮೊದಲಾದವು ಕಮಿಷನ್ ಅಲ್ಲವೆಂದು ಬಿಡುವಂತಿಲ್ಲ. ಅವಕ್ಕೆ ಬೇರೆಯೇ ಕಲಮು, ಶೇ. 10ರ ದರ ಇದೆ. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬರುವುದರಿಂದ ಕಲಮುಗಳ ಸಂಖ್ಯೆಗಳು ಬದಲಾಗುತ್ತವೆ. ವೋಚರ್ ಮೇಲೆ ರೂಢಿಯಂತೆ ಕಮಿಷನ್ ಟಿಡಿಎಸ್‌ನ ಹಳೆಯ ಕಲಮಾದ ‘194ಎಚ್’ ಎಂದು ಬರೆಯುವವರು ಮಾರ್ಚ್ ಒಳಗೆ ನಮ್ಮನ್ನೊಮ್ಮೆ ವಿಚಾರಿಸುವುದು ಒಳ್ಳೆಯದು.

ಇನ್ನು ಹೊಸ ಕ್ರಮದ ವಿಷಯ. ತಮ್ಮ ಬಂಧುಗಳ ಅಥವಾ ಸ್ನೇಹಿತರ ಫೋನ್ ನಂಬರನ್ನು ನಮಗೆ ಕೊಡಬೇಡಿ, ನಾವೂ ಕೇಳುವುದಿಲ್ಲ. ‘ಇವರಿಗೊಮ್ಮೆ ಫೋನ್ ಮಾಡಿ ನೋಡಿ’ ಎಂದು ತಾವು ಪ್ರೀತಿಯಿಂದಲೇ ನಂಬರ್ ಕಳುಹಿಸುತ್ತೀರಿ, ಆದರೆ ಆ ಕಡೆಯವರಿಗೆ ಅದು ಇನ್ನೊಂದು ಮಾರಾಟದ ಕರೆಯಾಗಿ ಕೇಳಿಸುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿರುವುದರಿಂದ, ಒಪ್ಪಿಗೆಯಿಲ್ಲದೆ ಬಂದ ನಂಬರುಗಳನ್ನು ಕಚೇರಿಯಲ್ಲಿ ಇಟ್ಟುಕೊಳ್ಳದಿರುವುದೇ ಕ್ಷೇಮವೆಂದು ನಾವು ಭಾವಿಸಿದ್ದೇವೆ. ನಮ್ಮ ಕಾರ್ಡು ಅವರಿಗೆ ಕೊಡಿ. ಬೇಕೆನಿಸಿದವರು ತಾವಾಗಿ ಕರೆ ಮಾಡುತ್ತಾರೆ, ಆಗ ತಮ್ಮ ಹೆಸರು ಹೇಳಿದರೆ ಸಾಕು.

ಕಾರ್ಡಿನ ಜೊತೆಗೆ ತಾವು ಹೇಳುವ ಎರಡು ಮಾತು ಕಾರ್ಡಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ‘ಒಳ್ಳೆಯ ಜನ, ಹೋಗಿ’ ಎನ್ನುವುದಕ್ಕಿಂತ, ತಮ್ಮ ಯಾವ ಕೆಲಸವನ್ನು ನಾವು ಮಾಡಿಕೊಟ್ಟೆವು, ಎಷ್ಟು ಕಾಲ ಹಿಡಿಯಿತು, ಎಲ್ಲಿ ತಡವಾಯಿತು ಎಂಬುದನ್ನು ಇದ್ದ ಹಾಗೆಯೇ ಹೇಳಿ. ತಡವಾದದ್ದನ್ನು ಹೇಳಿದರೆ ನಮಗೆ ಬೇಸರವಿಲ್ಲ. ಮುಂಚೆಯೇ ತಿಳಿದು ಬಂದ ಗ್ರಾಹಕರ ಜೊತೆ ಕೆಲಸ ಸುಲಭ. ಅವರು ಈಗಾಗಲೇ ಬೇರೆ ಸಲಹೆಗಾರರಲ್ಲಿ ಲೆಕ್ಕ ಇಟ್ಟಿದ್ದರೆ ಒಂದು ವಿಷಯವನ್ನು ಅವಶ್ಯವಾಗಿ ನೋಡಿಕೊಳ್ಳಲು ಹೇಳಿ: ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಂದಾಯಿತವಾಗಿರುವ ಮೊಬೈಲ್ ನಂಬರ್ ಮತ್ತು ಇಮೇಲ್ ಯಾರದು? ನೋಂದಣಿ ಮಾಡಿಸಿದ ದಿನ ಅವಸರದಲ್ಲಿ ಸಲಹೆಗಾರರ ನಂಬರನ್ನೇ ಹಾಕಿಸಿ, ಮುಂದೆ ಒಟಿಪಿಗಳೂ ನೋಟಿಸ್ ಬಂದ ಸೂಚನೆಗಳೂ ಅವರಿಗೇ ಹೋಗಿ, ಅಂಗಡಿಯವರಿಗೆ ತಿಂಗಳುಗಟ್ಟಲೆ ಸುದ್ದಿಯೇ ಇಲ್ಲದ ಉದಾಹರಣೆಗಳನ್ನು ನಾವು ಮೇಲಿಂದ ಮೇಲೆ ನೋಡುತ್ತಿದ್ದೇವೆ. ಸಲಹೆಗಾರರನ್ನು ಬದಲಿಸುವ ಮೊದಲು, ಅವರ ಜೊತೆ ಸಂಬಂಧ ಚೆನ್ನಾಗಿರುವಾಗಲೇ, ಅದನ್ನು ಮಾಲೀಕರ ಸ್ವಂತ ನಂಬರಿಗೆ ತಿದ್ದಿಸಿಕೊಳ್ಳಬೇಕು. ಹಳೆಯ ಸಲಹೆಗಾರರ ಬಾಕಿ ಶುಲ್ಕವನ್ನು ತೀರಿಸಿ ಬರುವುದೂ ಅಷ್ಟೇ ಮುಖ್ಯ. ಬಾಕಿ ಉಳಿಸಿಕೊಂಡು ಬಂದವರ ಪುಸ್ತಕಗಳನ್ನು ನಾವು ಕೈಗೆತ್ತಿಕೊಳ್ಳುವುದಿಲ್ಲ.

ಸಮಯದ ಬಗ್ಗೆಯೂ ಹೇಳಬೇಕು. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ಎಂಬ ಜಿಎಸ್‌ಟಿ ವಿವರಪಟ್ಟಿಗಳ ಕೊನೆಯ ದಿನ ಇರುವುದರಿಂದ ಆ ನಡುವೆ ಬಂದ ಹೊಸಬರಿಗೆ ಕುರ್ಚಿ ಕೊಡಬಹುದೇ ಹೊರತು ಗಮನ ಕೊಡಲಾಗುವುದಿಲ್ಲ. ಪ್ರತಿ ತಿಂಗಳ ಲೆಕ್ಕದ ಕೆಲಸವನ್ನು ಹೊಸದಾಗಿ ಒಪ್ಪಿಕೊಳ್ಳುವುದು ಇನ್ನು ಮುಂದೆ ತ್ರೈಮಾಸಿಕದ ಆರಂಭದಲ್ಲಿ, ಅಂದರೆ ಏಪ್ರಿಲ್, ಜುಲೈ, ಅಕ್ಟೋಬರ್ ಮತ್ತು ಜನವರಿ ತಿಂಗಳುಗಳಲ್ಲಿ ಮಾತ್ರ. ನೋಟಿಸ್ ಬಂದವರಿಗೆ ಈ ನಿಯಮವಿಲ್ಲ. ಉತ್ತರ ಕೊಡಲು ಅವಧಿ ಇರುತ್ತದೆ, ಅವರನ್ನು ಯಾವ ದಿನವಾದರೂ ಕಳುಹಿಸಿ.

ತಾವು ಕಳುಹಿಸಿದವರೆಲ್ಲರ ಕೆಲಸವನ್ನೂ ಒಪ್ಪಿಕೊಳ್ಳಲು ಆಗಲಿಕ್ಕಿಲ್ಲ. ಒಂದೇ ಮಾಲನ್ನು ಒಂದೇ ಓಣಿಯಲ್ಲಿ ಮಾರುವ ಇಬ್ಬರ ಖರೀದಿ ದರ ನಮ್ಮ ಒಂದೇ ಮೇಜಿನ ಮೇಲೆ ಬರುವ ಸಂದರ್ಭದಲ್ಲಿ, ಈಗಿರುವ ಗ್ರಾಹಕರ ಒಪ್ಪಿಗೆಯಿಲ್ಲದೆ ಎರಡನೆಯವರನ್ನು ನಾವು ಸೇರಿಸಿಕೊಳ್ಳುವುದಿಲ್ಲ. ಪಾಲುದಾರಿಕೆ ಮುರಿದುಕೊಂಡ ಇಬ್ಬರಲ್ಲಿ ಒಬ್ಬರ ಲೆಕ್ಕ ನಮ್ಮಲ್ಲಿದ್ದರೆ ಇನ್ನೊಬ್ಬರನ್ನು ಬೇರೆ ಕಡೆ ಕಳುಹಿಸುತ್ತೇವೆ. ಇದರಿಂದ ತಮ್ಮ ಮಾತಿಗೆ ಬೆಲೆ ಕೊಡಲಿಲ್ಲವೆಂದು ದಯವಿಟ್ಟು ಭಾವಿಸಬಾರದು.

ಸ್ವಲ್ಪ ಮುಜುಗರದ ಇನ್ನೊಂದು ವಿಷಯವನ್ನೂ ಬರೆಯಲೇಬೇಕಾಗಿದೆ. ತಾವು ಕಳುಹಿಸಿದವರ ಕೆಲಸ ಏನಾಯಿತು, ಅವರ ವಹಿವಾಟು ಎಷ್ಟಿದೆ, ಎಷ್ಟು ತೆರಿಗೆ ಕಟ್ಟಿದರು ಎಂದು ಆಮೇಲೆ ನಮ್ಮನ್ನು ಕೇಳಿದರೆ ನಾವು ಹೇಳಲಾರೆವು. ಬಂದವರು ತಮ್ಮ ಸ್ವಂತ ಅಳಿಯನೇ ಆಗಿರಲಿ, ‘ಬಂದಿದ್ದರು, ತಮಗೆ ಧನ್ಯವಾದ’ ಎಂಬಷ್ಟೇ ಉತ್ತರ ನಮ್ಮಿಂದ ಸಿಗುತ್ತದೆ. ಮದುವೆ ಮಾತುಕತೆ ನಡೆದಿರುವ ಮನೆತನದ ಆದಾಯದ ಬಗ್ಗೆ ವಿಚಾರಿಸುವವರೂ ಇದ್ದಾರೆ. ಅವರಿಗೆ ಅಷ್ಟೂ ಸಿಗುವುದಿಲ್ಲ. ತಮ್ಮ ಲೆಕ್ಕದ ವಿಷಯದಲ್ಲೂ ಇತರರಿಗೆ ನಾವು ಇದೇ ಉತ್ತರ ಕೊಡುತ್ತಾ ಬಂದಿದ್ದೇವೆ.

ರಿಯಾಯಿತಿಯಿಂದ ಉಳಿಯುವ ಹಣ ದೊಡ್ಡದೇನಲ್ಲ. ಅದಕ್ಕೆ ನಮ್ಮ ಕಡೆಯಿಂದಲೂ ಸ್ವಲ್ಪ ಸೇರಿಸಿ, ಪ್ರತಿ ಗ್ರಾಹಕರೊಂದಿಗೆ ವರ್ಷಕ್ಕೊಮ್ಮೆ ಪ್ರತ್ಯೇಕ ಶುಲ್ಕವಿಲ್ಲದೆ ಅರ್ಧ ಗಂಟೆ ಕುಳಿತು ಮಾತನಾಡುವ ವ್ಯವಸ್ಥೆ ಮಾಡಿದ್ದೇವೆ. ಯಾರನ್ನಾದರೂ ಪರಿಚಯಿಸಿರಲಿ, ಇಲ್ಲದಿರಲಿ, ಇದು ಎಲ್ಲರಿಗೂ ಇದೆ. ವಿವರಪಟ್ಟಿಗಳ ಗದ್ದಲ ಇಳಿದ ಮೇಲೆ, ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳಲ್ಲಿ, ಹಿಂದಿನ ವರ್ಷದ ಲೆಕ್ಕವನ್ನು ಮುಂದಿಟ್ಟುಕೊಂಡು ಎಲ್ಲಿ ವಿನಾಕಾರಣ ತಡ ಶುಲ್ಕ ಕಟ್ಟಿದಿರಿ, ಯಾವ ಉದ್ರಿ ವಸೂಲಿಯಾಗದೆ ನಿಂತಿದೆ, ಕಾಂಪೊಸಿಷನ್ ಯೋಜನೆಯಲ್ಲಿ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ಜಿಎಸ್‌ಟಿ ಕಟ್ಟುವ ಕ್ರಮ) ಮುಂದುವರಿಯುವುದು ಲಾಭವೇ ಎಂಬುದನ್ನು ನೋಡೋಣ. ನಮ್ಮ ಕೆಲಸದ ಬಗ್ಗೆ ಆಕ್ಷೇಪವಿದ್ದರೆ ಅದನ್ನೂ ಅಲ್ಲಿಯೇ ಹೇಳಬಹುದು. ಆ ಸಭೆಯಲ್ಲಿ ‘ಬೇರೆ ಯಾರಾದರೂ ಇದ್ದರೆ ಕಳುಹಿಸಿ’ ಎಂದು ನಮ್ಮ ಸಿಬ್ಬಂದಿ ಕೇಳಕೂಡದೆಂದು ಸೂಚಿಸಿದ್ದೇವೆ.

ಮಾರ್ಚ್ 31ರೊಳಗೆ ತಮ್ಮ ಪರಿಚಯದಿಂದ ಬಂದು ಕೆಲಸ ಒಪ್ಪಿಸಿದವರ ಲೆಕ್ಕಕ್ಕೆ ಹಳೆಯ ಪದ್ಧತಿಯೇ ಅನ್ವಯಿಸುತ್ತದೆ. ಬರಬೇಕಾದ ರಿಯಾಯಿತಿಯನ್ನು ಮಾರ್ಚ್ ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಿ ಕಳೆಯಲಾಗುವುದು. ಬಿಲ್ಲಿನಲ್ಲಿ ಬಿಟ್ಟುಹೋಗಿದೆ ಎನಿಸಿದವರು ತಾವು ಪರಿಚಯಿಸಿದ ವ್ಯಕ್ತಿಯ ಹೆಸರಿನೊಂದಿಗೆ ಏಪ್ರಿಲ್ 30ರೊಳಗೆ ಕಚೇರಿಗೆ ತಿಳಿಸಿದರೆ ಸರಿಪಡಿಸಿ ಕೊಡುತ್ತೇವೆ. ಹೊಸ ಕಾರ್ಡುಗಳು ಮುಂಭಾಗದ ಮೇಜಿನ ಮೇಲೆ ಇವೆ. ಹಿಂಬದಿಯಲ್ಲಿ ಮೊದಲ ಭೇಟಿಗೆ ತರಬೇಕಾದ ಕಾಗದಗಳ ಪಟ್ಟಿ ಮುದ್ರಿಸಲಾಗಿದೆ.

ಇಂತಿ ತಮ್ಮ ವಿಶ್ವಾಸಿಗಳು,
ಕಚೇರಿಯ ಪಾಲುದಾರರು