ಅತ್ಯಾಚಾರ ಪ್ರಕರಣ: ಹೇಳಿಕೆ ದೂರುದಾರೆಯ ಭಾಷೆಯಲ್ಲೇ ದಾಖಲಾಗಲಿ

ಮಾನ್ಯ ಸಂಪಾದಕರಿಗೆ,

ಅತ್ಯಾಚಾರದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಶಿಕ್ಷೆ ಇನ್ನಷ್ಟು ಕಠಿಣವಾಗಬೇಕೆಂಬ ಬೇಡಿಕೆ ಏಳುತ್ತದೆ. ಕಾನೂನಿನಲ್ಲಿ ಶಿಕ್ಷೆಗೆ ಕೊರತೆಯೇನೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅತ್ಯಾಚಾರಕ್ಕೆ ಕನಿಷ್ಠ 10 ವರ್ಷಗಳ ಕಠಿಣ ಸಜೆ ಇದೆ, ಅದು ಜೀವಾವಧಿಯವರೆಗೂ ಹೋಗಬಹುದು. ಹದಿನಾರರೊಳಗಿನ ಹುಡುಗಿಯಾದರೆ ಕನಿಷ್ಠ 20 ವರ್ಷ, ಹನ್ನೆರಡರೊಳಗಿನ ಮಗುವಾದರೆ ಮರಣದಂಡನೆಗೂ ಅವಕಾಶವಿದೆ. ಇಷ್ಟಿದ್ದೂ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ದಾಖಲಾದ ಅತ್ಯಾಚಾರ ಪ್ರಕರಣಗಳು 31,516 ಮತ್ತು ಆ ವರ್ಷ ವಿಚಾರಣೆ ಮುಗಿದವುಗಳಲ್ಲಿ ಶಿಕ್ಷೆಯಾದದ್ದು ನೂರಕ್ಕೆ ಸುಮಾರು 27ರಲ್ಲಿ. ಮಿಕ್ಕವು ಬಿದ್ದುಹೋಗಲು ಕಾರಣಗಳು ಹಲವು. ಅವುಗಳಲ್ಲಿ ಒಂದು, ಕೇರಳದ ಗಡಿಯಲ್ಲಿರುವ ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ ಬದುಕುವವರಿಗೆ ಕಾಣುವಷ್ಟು ಸ್ಪಷ್ಟವಾಗಿ ರಾಜಧಾನಿಯಲ್ಲಿ ಕುಳಿತವರಿಗೆ ಕಾಣಲಾರದು ಎಂಬ ಕಾರಣಕ್ಕೆ ಈ ಪತ್ರ ಬರೆಯುತ್ತಿದ್ದೇನೆ. ಹೆಣ್ಣುಮಗಳು ಒಂದು ಭಾಷೆಯಲ್ಲಿ ಹೇಳುತ್ತಾಳೆ, ಕಾಗದದ ಮೇಲೆ ಅದು ಇನ್ನೊಂದು ಭಾಷೆಯಲ್ಲಿ ಇಳಿಯುತ್ತದೆ.

ಅವಳ ಮಾತಿಗೆ ಕಾನೂನಿನಲ್ಲಿ ಈಗಿರುವ ಬೆಲೆ ಸುಮ್ಮನೆ ಬಂದದ್ದಲ್ಲ. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯ ಒಳಗೆ ಬಡ ಆದಿವಾಸಿ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರವಾಯಿತೆಂದು ಇಬ್ಬರು ಕಾನ್‌ಸ್ಟೇಬಲ್‌ಗಳ ಮೇಲೆ ಆರೋಪ ಬಂತು. ಬಾಂಬೆ ಹೈಕೋರ್ಟು ಕೊಟ್ಟ ಶಿಕ್ಷೆಯನ್ನು ಸುಪ್ರೀಂ ಕೋರ್ಟು 1978ರಲ್ಲಿ ತಳ್ಳಿಹಾಕಿತು; ಮೈಮೇಲೆ ಗಾಯದ ಗುರುತಿಲ್ಲ, ಆದ್ದರಿಂದ ಪ್ರತಿಭಟಿಸಿದಳೆಂಬ ಅವಳ ಮಾತು ನಂಬುವಂಥದ್ದಲ್ಲ ಎಂಬುದು ಆ ತೀರ್ಪಿನ ತಿರುಳಾಗಿತ್ತು. ಮರುವರ್ಷ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಂವಾರ್, ರಘುನಾಥ ಕೇಳಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಅದರ ಹಿಂದೆಯೇ ಎದ್ದ ಮಹಿಳಾ ಚಳವಳಿಯಿಂದಾಗಿ 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ಪೊಲೀಸರ ವಶದಲ್ಲಿದ್ದಾಗ ನಡೆದಂಥ ಪ್ರಕರಣಗಳಲ್ಲಿ, ಸಂಭೋಗ ನಡೆದದ್ದು ಸಾಬೀತಾಗಿ ತನಗೆ ಒಪ್ಪಿಗೆಯಿರಲಿಲ್ಲವೆಂದು ಹೆಣ್ಣು ಹೇಳಿದರೆ ನ್ಯಾಯಾಲಯ ಅದನ್ನೇ ಹಿಡಿದು ಹೊರಡಬೇಕೆಂದಾಯಿತು. ಸಂತ್ರಸ್ತೆಯ ಸಾಕ್ಷ್ಯ ವಿಶ್ವಾಸಾರ್ಹವಾಗಿದ್ದರೆ ಬೇರೆ ಪುಷ್ಟಿ ಬೇಕಿಲ್ಲ, ಸಣ್ಣಪುಟ್ಟ ವ್ಯತ್ಯಾಸಗಳಿಗಾಗಿ ಅದನ್ನು ಕಸದಬುಟ್ಟಿಗೆ ಹಾಕಬಾರದು ಎಂದು ಸುಪ್ರೀಂ ಕೋರ್ಟು 1996ರಲ್ಲಿ ಒತ್ತಿ ಹೇಳಿತು. 2012ರ ದೆಹಲಿಯ ಸಾಮೂಹಿಕ ಅತ್ಯಾಚಾರದ ಘಟನೆಯ ಬಳಿಕ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ವರದಿ ಕೊಟ್ಟ ಮೇಲೆ 2013ರಲ್ಲಿ ಬಂದ ತಿದ್ದುಪಡಿ, ದೈಹಿಕವಾಗಿ ಪ್ರತಿರೋಧಿಸದೆ ಇದ್ದ ಮಾತ್ರಕ್ಕೆ ಒಪ್ಪಿಗೆ ಇತ್ತೆಂದು ಭಾವಿಸಬಾರದು ಎಂಬುದನ್ನು ಕಾನೂನಿನ ಒಳಗೇ ಬರೆಯಿತು.

ಹೀಗೆ ನಾಲ್ಕು ದಶಕಗಳಲ್ಲಿ ಭಾರವೆಲ್ಲ ಅವಳ ಹೇಳಿಕೆಯ ಮೇಲೆ ಬಂದು ನಿಂತಿದೆ. ಹಾಗಿದ್ದರೆ ಆ ಹೇಳಿಕೆಯನ್ನು ಬರೆದುಕೊಳ್ಳುವವರು ಯಾರು, ಯಾವ ಭಾಷೆಯಲ್ಲಿ?

ನಾನು ಗಡಿನಾಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಅಧ್ಯಾಪಿಕೆಯಾಗಿದ್ದವಳು. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಮರಾಟಿಯೋ ಆಡುವ, ಶಾಲೆಯಲ್ಲಿ ಕನ್ನಡ ಕಲಿಯುವ, ಮಲಯಾಳವನ್ನು ಅಂಗಡಿ ಬಸ್ಸುಗಳ ಮಟ್ಟಿಗೆ ಬಲ್ಲ ಮಕ್ಕಳೊಂದಿಗೆ ಠಾಣೆಗೂ ಆಸ್ಪತ್ರೆಗೂ ಹೋಗಬೇಕಾದ ಸಂದರ್ಭಗಳು ನನಗೆ ಬಂದಿವೆ. ಇಂಥ ಪ್ರಕರಣದಲ್ಲಿ ನಡೆದದ್ದನ್ನು ಒಮ್ಮೆ ಹೇಳಿದರೆ ಮುಗಿಯುವುದಿಲ್ಲ. ಮೊದಲು ಪೊಲೀಸರಿಗೆ, ಆಮೇಲೆ ಪರೀಕ್ಷೆ ಮಾಡುವ ವೈದ್ಯರಿಗೆ, ಅನಂತರ ಮ್ಯಾಜಿಸ್ಟ್ರೇಟರಿಗೆ, ಕೊನೆಗೆ ವಿಚಾರಣೆಯ ವೇಳೆ ನ್ಯಾಯಾಲಯಕ್ಕೆ ಹೇಳಬೇಕು. ಒಂದು ಕಡೆ ಅದು ಮಲಯಾಳದಲ್ಲಿ, ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ದಾಖಲಾಗುತ್ತದೆ. ತುಳು ಬಲ್ಲ ಮಹಿಳಾ ಪೊಲೀಸ್ ಆ ದಿನ ಕರ್ತವ್ಯದಲ್ಲಿದ್ದರೆ ಪುಣ್ಯ. ಇಲ್ಲವಾದರೆ ಅಲ್ಲಿದ್ದವರಲ್ಲಿ ಎರಡೂ ಭಾಷೆ ಬರುವವರು ಯಾರೋ ಅವರೇ ದುಭಾಷಿ. ವರ್ಷಗಳ ನಂತರ ಪಾಟೀಸವಾಲಿನಲ್ಲಿ, ಪೊಲೀಸರ ಮುಂದೆ ಹೀಗೆ ಹೇಳಿದ್ದೀರಿ, ಮ್ಯಾಜಿಸ್ಟ್ರೇಟರ ಮುಂದೆ ಹಾಗೆ ಹೇಳಿದ್ದೀರಿ, ಯಾವುದು ಸುಳ್ಳು ಎಂಬ ಪ್ರಶ್ನೆ ಬರುತ್ತದೆ. ತಾನು ಎರಡೂ ಕಡೆ ಹೇಳಿದ್ದು ಒಂದೇ ಎಂದು ತೋರಿಸಲು ಅವಳ ಕೈಯಲ್ಲಿ ಏನೂ ಇರುವುದಿಲ್ಲ, ಏಕೆಂದರೆ ಅವಳು ಆಡಿದ ಮಾತು ಎಲ್ಲಿಯೂ ಉಳಿದಿಲ್ಲ.

ಇದರಲ್ಲಿ ಭಾಷೆ ಬಾರದಿರುವುದಕ್ಕಿಂತ ದೊಡ್ಡ ತೊಡಕು ನಾಚಿಕೆಯದು. ನಡೆದದ್ದನ್ನು ಹೇಳಲು ಹುಡುಗಿ ಮೊದಲೇ ಹಿಂಜರಿಯುತ್ತಾಳೆ, ಸುತ್ತಿ ಬಳಸಿ ಹೇಳುತ್ತಾಳೆ. ತರಬೇತಿಯಿಲ್ಲದ ದುಭಾಷಿ ಅವಳಿಗಿಂತ ಹೆಚ್ಚು ನಾಚುತ್ತಾನೆ. ಅವಳ ಹತ್ತು ವಾಕ್ಯಗಳು ಅವನ ಬಾಯಲ್ಲಿ ಒಂದೂವರೆ ವಾಕ್ಯವಾಗುತ್ತವೆ, ಆ ಒಂದೂವರೆ ವಾಕ್ಯ ಬರೆಯುವವರ ಕೈಯಲ್ಲಿ ಠಾಣೆಯ ರೂಢಿಯ ಒಂದು ಸಾಲಾಗುತ್ತದೆ. ಅತ್ಯಾಚಾರದ ವ್ಯಾಖ್ಯೆಯೊಳಗೆ 2013ರ ಬಳಿಕ ಹಲವು ಬಗೆಯ ಕೃತ್ಯಗಳು ಸೇರಿವೆ. ಯಾವ ಕೃತ್ಯ ನಡೆಯಿತೆಂಬುದು ದಾಖಲೆಯಲ್ಲಿ ಬಿಡಿಸಿ ಬಾರದಿದ್ದರೆ ಅದೇ ಪ್ರಕರಣ ಕಡಿಮೆ ಶಿಕ್ಷೆಯ ಕಲಂಗೆ ಇಳಿಯುವ ಅಪಾಯವಿದೆ. ಜೊತೆಗೆ, ಬ್ಯೂರೋದ ವರದಿಗಳು ವರ್ಷವರ್ಷವೂ ಹೇಳುವಂತೆ ಬಹುಪಾಲು ಪ್ರಕರಣಗಳಲ್ಲಿ ಆರೋಪಿ ಪರಿಚಯದವನೇ ಆಗಿರುತ್ತಾನೆ. ಊರಿನವರೇ ದುಭಾಷಿಯಾಗಿ ಬಂದರೆ ಅವರು ಹುಡುಗಿಗೆ ಮಾತ್ರ ಊರಿನವರಲ್ಲ, ಆರೋಪಿಗೂ ಊರಿನವರೇ.

ಮಕ್ಕಳ ಮಟ್ಟಿಗೆ ಕಾನೂನು ಈ ಅಪಾಯವನ್ನು ಚೆನ್ನಾಗಿ ಗ್ರಹಿಸಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗು ಹೇಗೆ ಹೇಳಿತೋ ಹಾಗೆಯೇ ಹೇಳಿಕೆ ದಾಖಲಾಗಬೇಕು, ಮಗುವಿಗೆ ತಿಳಿಯದ ಭಾಷೆಯಲ್ಲಿ ಬರೆದುಕೊಳ್ಳುವುದಾದರೆ ಭಾಷಾಂತರಕಾರರನ್ನು ಒದಗಿಸಬೇಕು. 2020ರ ಪೋಕ್ಸೊ ನಿಯಮಗಳು ಇನ್ನೂ ಮುಂದೆ ಹೋಗಿ, ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ದುಭಾಷಿಗಳ ಪಟ್ಟಿಯೊಂದನ್ನು ಇಟ್ಟಿರಬೇಕು, ಅದು ಪೊಲೀಸರಿಗೂ ನ್ಯಾಯಾಲಯಕ್ಕೂ ಸಿಗುವಂತಿರಬೇಕು, ದುಭಾಷಿಗೆ ಪ್ರಕರಣದಲ್ಲಿ ಯಾವುದೇ ಹಿತಾಸಕ್ತಿಯಿದ್ದರೆ ಮೊದಲೇ ತಿಳಿಸಬೇಕು, ಹೇಳಿದ್ದಕ್ಕೆ ಏನನ್ನೂ ಸೇರಿಸದೆ ಏನನ್ನೂ ಬಿಡದೆ ಭಾಷಾಂತರಿಸಬೇಕು ಎನ್ನುತ್ತವೆ. ದುಭಾಷಿಗೆ ಮಗುವಿನ ಭಾಷೆಯೂ ರಾಜ್ಯದ ಆಡಳಿತ ಭಾಷೆಯೂ ಬಳಸುವಷ್ಟು ಬಂದರೆ ಸಾಕು; ಅವು ಮಾತೃಭಾಷೆಯಾಗಿರಬಹುದು ಅಥವಾ ಅವನ್ನಾಡುವ ಪ್ರದೇಶದಲ್ಲಿ ವಾಸಿಸಿ ಕಲಿತದ್ದಾಗಿರಬಹುದು, ದೊಡ್ಡ ಪದವಿಯೇನೂ ಬೇಕಾಗಿಲ್ಲ. ಇಷ್ಟು ಭಾಷೆಗಳಿರುವ ನಮ್ಮ ಜಿಲ್ಲೆಯಲ್ಲಿ ಇಂಥ ಪಟ್ಟಿಗೆ ಜನ ಸಿಗದಿರಲು ಸಾಧ್ಯವೇ ಇಲ್ಲ. ಪಟ್ಟಿಯಲ್ಲಿ ಯಾವ ಯಾವ ಭಾಷೆಯ ಎಷ್ಟು ಮಂದಿ ಇದ್ದಾರೆಂಬುದನ್ನು, ಹೆಸರುಗಳನ್ನು ಬಿಟ್ಟು ಸಂಖ್ಯೆಯನ್ನಾದರೂ, ಪ್ರಕಟಿಸಬೇಕೆಂಬುದು ನನ್ನ ಕೋರಿಕೆ. ನಿವೃತ್ತ ಕನ್ನಡ ಅಧ್ಯಾಪಿಕೆಯರು, ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಹೆಸರು ಕೊಡಲು ಮುಂದೆ ಬಂದಾರು.

ವಯಸ್ಕ ಹೆಣ್ಣಿನ ವಿಷಯಕ್ಕೆ ಬಂದರೆ ಈ ಏರ್ಪಾಡು ಇಲ್ಲ. ತನಿಖೆ, ವಿಚಾರಣೆಗಳ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಂತೆ ಅತ್ಯಾಚಾರದ ದೂರನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಸಂತ್ರಸ್ತೆಯ ಮನೆಯಲ್ಲಿ ಅಥವಾ ಅವಳು ಬಯಸಿದ ಸ್ಥಳದಲ್ಲಿ ಹೇಳಿಕೆ ಪಡೆಯಬೇಕು, ಬರೆದದ್ದನ್ನು ಓದಿಹೇಳಬೇಕು, ಎಫ್‌ಐಆರ್ ಪ್ರತಿಯನ್ನು ಉಚಿತವಾಗಿ ಕೊಡಬೇಕು. ಆದರೆ ಠಾಣೆಯ ಹಂತದಲ್ಲಿ ದುಭಾಷಿಯ ಮಾತು ಬರುವುದು ಸಂತ್ರಸ್ತೆಗೆ ಮಾನಸಿಕ ಅಥವಾ ದೈಹಿಕ ವೈಕಲ್ಯವಿದ್ದಾಗ ಮಾತ್ರ. ಆರೋಗ್ಯವಂತಳಾದ, ಕನ್ನಡವಲ್ಲದೆ ಬೇರೆ ಓದಲು ಬಾರದ ಮೂವತ್ತು ವರ್ಷದ ಹೆಂಗಸಿಗೆ ಮಲಯಾಳದ ಬರಹವನ್ನು ಓದಿಹೇಳಿ ಸಹಿ ಹಾಕಿಸಿದರೆ ನಿಯಮ ಪಾಲನೆಯಾದಂತೆಯೇ ಲೆಕ್ಕ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ಇಲ್ಲಿಯ ಕನ್ನಡಿಗರಿಗೆ ಸ್ಥಳೀಯ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ರೇಷನ್ ಕಾರ್ಡಿಗೂ ಭೂದಾಖಲೆಗೂ ನಾವು ಆ ಹಕ್ಕನ್ನು ಕೇಳುತ್ತೇವೆ, ಕೇಳಲೂಬೇಕು. ಅತ್ಯಾಚಾರದ ದೂರಿಗೆ ಅದನ್ನು ಕೇಳಿದವರನ್ನು ನಾನು ಕಂಡಿಲ್ಲ.

ಪರಿಹಾರಕ್ಕೆ ಹೊಸ ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಹೇಳಿಕೆಯನ್ನು ಮೊಬೈಲ್ ಫೋನ್ ಸಹಿತ ಧ್ವನಿ ಮತ್ತು ದೃಶ್ಯ ಮುದ್ರಣದಲ್ಲಿ ದಾಖಲಿಸಲು ಇದೇ ನಾಗರಿಕ ಸುರಕ್ಷಾ ಸಂಹಿತೆ ಅವಕಾಶ ಕೊಟ್ಟಿದೆ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಠಾಣೆಗಳಲ್ಲಿ, ದೂರುದಾರೆ ಮಲಯಾಳವಲ್ಲದ ಭಾಷೆಯಲ್ಲಿ ಮಾತಾಡುವಾಗಲೆಲ್ಲ, ಅವಳ ಒಪ್ಪಿಗೆ ಪಡೆದು ಮುದ್ರಿಸಿಕೊಳ್ಳುವುದನ್ನು ಕಡ್ಡಾಯ ಮಾಡುವ ಒಂದು ಸುತ್ತೋಲೆ ಹೊರಟರೆ ಸಾಕು. ಮಲಯಾಳದ ಬರಹ ಇರಲಿ, ಅದರ ಜೊತೆಗೆ ಅವಳ ಸ್ವರವೂ ಇರಲಿ. ಮುಂದೆ ವ್ಯತ್ಯಾಸದ ಪ್ರಶ್ನೆ ಎದ್ದರೆ ಅದು ಅವಳದೋ ಭಾಷಾಂತರದ್ದೋ ಎಂದು ನ್ಯಾಯಾಧೀಶರೇ ಕೇಳಿ ತೀರ್ಮಾನಿಸಬಹುದು. ಇದರಿಂದ ಆರೋಪಿಗೂ ಅನ್ಯಾಯವಿಲ್ಲ, ಅವಳು ಹೇಳದೆ ಇದ್ದದ್ದನ್ನು ಬರೆದಿದ್ದರೆ ಅದೂ ಬಯಲಾಗುತ್ತದೆ. ಇದು ಮಲಯಾಳದ ವಿರುದ್ಧದ ಪತ್ರವೂ ಅಲ್ಲ. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ದುಡಿಯುವ ಮಲಯಾಳಿ ಹೆಂಗಸು ಕನ್ನಡ ಬರೆಯುವ ಠಾಣೆಗೆ ಹೋದಾಗ ಅವಳಿಗೂ ಇದೇ ನ್ಯಾಯ ಸಿಗಬೇಕು.

ಗಡಿಯ ಇನ್ನೊಂದು ತೊಡಕನ್ನೂ ಹೇಳಬೇಕು. ಏನಾದರೂ ಆದರೆ ನಾವು ತಲಪಾಡಿಯ ರಾಜ್ಯ ಗಡಿ ದಾಟಿ ಮಂಗಳೂರಿನ ಆಸ್ಪತ್ರೆಗೆ ಓಡುವವರು. ಪೊಲೀಸ್ ಕಾಗದವಿಲ್ಲದೆ ಮುಟ್ಟುವುದಿಲ್ಲ, ಕೇರಳದ ಕೇಸು ಕೇರಳದಲ್ಲೇ ನೋಡಿಕೊಳ್ಳಿ ಎಂಬ ಮಾತಿಗೆ ಕಾನೂನಿನ ಬೆಂಬಲವಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ ಎಲ್ಲ ಆಸ್ಪತ್ರೆಗಳೂ ಸಂತ್ರಸ್ತೆಗೆ ಕೂಡಲೇ ಉಚಿತ ಚಿಕಿತ್ಸೆ ಕೊಡಬೇಕು, ಕೊಡದಿದ್ದರೆ ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೆ ಸಜೆಯಿದೆ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯೂ ದೂರು ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಹಾಗೆ ಮಂಗಳೂರಿನಲ್ಲಿ ಕನ್ನಡದಲ್ಲಿ ಬರೆದ ದೂರು ಇಲ್ಲಿಗೆ ಬಂದಾಗ ಅದರ ಮಲಯಾಳ ಅನುವಾದವೇ ಮೂಲವಾಗಿಬಿಡದಂತೆ ನೋಡಿಕೊಳ್ಳಬೇಕು.

ಠಾಣೆಯವರೆಗೆ ಹೋಗುವುದೇ ಬೇಡ, ಮಾತಾಡಿ ಮುಗಿಸೋಣ ಎನ್ನುವ ಊರ ಹಿರಿಯರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಅತ್ಯಾಚಾರದಲ್ಲಿ ರಾಜಿಗೆ ಎಡೆಯೇ ಇಲ್ಲವೆಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ, ಮದುವೆ ಅಥವಾ ಸಂಧಾನದ ಸಲಹೆಯನ್ನು ನ್ಯಾಯಾಧೀಶರೂ ಕೊಡಕೂಡದೆಂದು 2021ರಲ್ಲಿ ಹೇಳಿದೆ. ನ್ಯಾಯಾಧೀಶರಿಗಿಲ್ಲದ ಅಧಿಕಾರ ಜಗಲಿಯ ಮೇಲೆ ಕುಳಿತವರಿಗೆ ಎಲ್ಲಿಂದ ಬರಬೇಕು?

ಕೊನೆಯದಾಗಿ ತಮ್ಮಂಥ ಪತ್ರಿಕೆಗಳಿಗೂ ಒಂದು ಮಾತು. ಸಂತ್ರಸ್ತೆಯ ಹೆಸರನ್ನು ಯಾರೂ ಅಚ್ಚು ಹಾಕುವುದಿಲ್ಲ ನಿಜ, ಆದರೆ ಪಂಚಾಯತು, ತರಗತಿ, ತಂದೆಯ ಉದ್ಯೋಗ ಮೂರನ್ನೂ ಬರೆದರೆ ನಮ್ಮಂಥ ಸಣ್ಣ ಊರುಗಳಲ್ಲಿ ಹೆಸರು ಬರೆದಂತೆಯೇ. ಮಗುವಿನ ಶಾಲೆ, ನೆರೆಕರೆ, ಕುಟುಂಬದ ವಿವರಗಳನ್ನು ಬಹಿರಂಗಪಡಿಸುವುದನ್ನು ಪೋಕ್ಸೊ ಕಾಯ್ದೆಯ 23ನೇ ಕಲಂ ಹೆಸರಿಸಿಯೇ ನಿಷೇಧಿಸಿದೆ, ಗುರುತು ಹಿಡಿಯಲು ಎಡೆಕೊಡುವ ಯಾವ ವಿವರವೂ ಕೂಡದೆಂದು 2018ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ವಯಸ್ಕರಿಗೂ ಅನ್ವಯಿಸುವಂತೆ ತೀರ್ಪು ಕೊಟ್ಟಿದೆ. ಇದೇ ಕಾರಣಕ್ಕೆ, ಈ ಪತ್ರವನ್ನು ಪ್ರಕಟಿಸುವುದಾದರೆ ನನ್ನ ಹೆಸರನ್ನೂ ನಾನು ಕೆಲಸ ಮಾಡಿದ ಶಾಲೆಗಳ ಹೆಸರನ್ನೂ ದಯವಿಟ್ಟು ಹಾಕಬೇಡಿ. ಪರಿಶೀಲನೆಗಾಗಿ ಅವನ್ನು ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದ್ದೇನೆ.

ಇತಿ,
ನಿವೃತ್ತ ಅಧ್ಯಾಪಿಕೆ
ಕಾಸರಗೋಡು ಜಿಲ್ಲೆ